ಮನೆಯ ಪ್ರಾರ್ಥನೆಯೂ ಮಕ್ಕಳೂ

ತೀರ್ಥಹಳ್ಳಿಯ ಕಡೆಯ ಗೃಹಿಣಿಯೊಬ್ಬರು ಬರೆದ ಪತ್ರವು ಕಳೆದ ತಿಂಗಳು ನಮ್ಮ ಕೈಸೇರಿತು. ಅವರ ಮನೆಯಲ್ಲಿ ಅತ್ತೆಯವರು ದಿನವೂ ಸಂಜೆ ಕೊಂಕಣಿಯಲ್ಲಿ ಜಪಸರವನ್ನು ನಡೆಸುವರು. ಹತ್ತು ವರ್ಷದ ಮಗನು ಇಂಗ್ಲಿಷ್ ಶಾಲೆಗೆ ದೂರ ಹೋಗಿ ದಣಿದು ಬರುವವನು. ಜಪವು ಅರ್ಧವಾಗುವಷ್ಟರಲ್ಲಿಯೇ ತೂಕಡಿಸುವನು. ಒಂದು ದಿನ ಗದರಿಸಿದ್ದಕ್ಕೆ ಅವನು, "ಚಿಕ್ಕದಾಗಿ ಕೇಳಿದರೆ ದೇವರಿಗೆ ತಿಳಿಯುವುದಿಲ್ಲವೇ ಅಮ್ಮಾ?" ಎಂದನಂತೆ. ಅತ್ತೆಯವರಿಗೆ ಕೋಪ, ಮಗನಿಗೆ ಬೇಸರ. "ನಾನು ಯಾರ ಪಕ್ಷವನ್ನು ವಹಿಸಲಿ?" ಎಂದು ಆ ತಾಯಿಯು ಕೇಳಿರುವರು.

ಈ ಪ್ರಶ್ನೆಯು ಅವರೊಬ್ಬರದಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲೂಕುಗಳ ಕ್ರೈಸ್ತ ಮನೆಗಳಲ್ಲಿ ಅನೇಕವು ತೋಟಗಳ ನಡುವೆ ಒಂಟಿಯಾಗಿರತಕ್ಕವು. ಆಗುಂಬೆ, ಹುಲಿಕಲ್ಲುಗಳ ಘಾಟಿಯನ್ನು ಹತ್ತಿ ಕರಾವಳಿಯಿಂದ ಬಂದವರು ಕೊಂಕಣಿಯನ್ನು ತಂದರು. ಕೇರಳದಿಂದ ಬಂದು ನೆಲಸಿದವರು ಮಲಯಾಳವನ್ನು ತಂದರು. 1988ರಲ್ಲಿ ಶಿವಮೊಗ್ಗದಲ್ಲಿಯೂ, 2007ರಲ್ಲಿ ಸಿರೋ ಮಲಬಾರ್ ಸಭೆಯವರಿಗಾಗಿ ಭದ್ರಾವತಿಯಲ್ಲಿಯೂ ಧರ್ಮಪ್ರಾಂತಗಳು ಏರ್ಪಟ್ಟವು. ಆದರೂ ಮಳೆಗಾಲದಲ್ಲಿ ಹಳ್ಳ ತುಂಬಿ, ಮರ ಮುರಿದುಬಿದ್ದು ದಾರಿ ಕಟ್ಟಿದಾಗ ದೇವಾಲಯಕ್ಕೆ ಹೋಗುವುದು ಹೇಗೆ? ಅಂಥ ದಿನಗಳಲ್ಲಿ ಮನೆಯೇ ದೇವಾಲಯವಾಗಬೇಕು. ಅದು ಕಾರಣ ಮನೆಯ ಪ್ರಾರ್ಥನೆಯು ಇಲ್ಲಿ ಅಲಂಕಾರವಲ್ಲ, ಅವಶ್ಯಕ.

ಇನ್ನೊಂದು ವಿಚಾರವನ್ನು ತಂದೆತಾಯಿಗಳು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ನಮ್ಮ ಕಡೆಯ ಮಕ್ಕಳು ಹತ್ತನೆಯ ತರಗತಿ ಮುಗಿಯುತ್ತಲೇ ಓದಿಗಾಗಿ ಶಿವಮೊಗ್ಗಕ್ಕೋ ಮಂಗಳೂರಿಗೋ ಬೆಂಗಳೂರಿಗೋ ಹೊರಟುಬಿಡುವರು. ಐದು ವರ್ಷದ ಪ್ರಾಯದಿಂದ ಹದಿನೈದರವರೆಗೆ ಹತ್ತು ವರ್ಷ. ಅಂದರೆ 3,650 ಸಂಜೆಗಳು. ದಿನಕ್ಕೆ ಹತ್ತು ನಿಮಿಷದಂತೆ ಎಣಿಸಿದರೆ ಸುಮಾರು 600 ಗಂಟೆಗಳು ಮಾತ್ರ. ಆ ಮೇಲೆ ಮಗನು ರಜೆಯಲ್ಲಿ ಬರುವ ಅತಿಥಿಯೇ ಸರಿ. ಈ ಸಂಜೆಗಳಲ್ಲಿ ಅವನು ಪ್ರೀತಿಯಿಂದ ಕಲಿತದ್ದು ಅವನ ಸಂಗಡ ಹೋಗುವುದು. ಹೆದರಿಕೆಯಿಂದ ಕಲಿತದ್ದು ಬಸ್ಸು ಹತ್ತುವಾಗಲೇ ಉದುರಿಹೋಗುವುದು.

ಇದು ಬರಿಯ ಉಪದೇಶವಲ್ಲ. ನಮ್ಮದೇ ತಪ್ಪನ್ನು ಹೇಳುತ್ತೇವೆ. ನಮ್ಮ ಹಿರಿಯ ಮಗನು ಎಂಟು ವರ್ಷದವನಾಗಿದ್ದಾಗ ನೆರೆಯವರ ಹಿತ್ತಲಿನ ಪೇರಲ ಹಣ್ಣನ್ನು ಕಿತ್ತು ಸುಳ್ಳು ಹೇಳಿದನು. ಶಿಕ್ಷೆಯೂ ಆಯಿತು, ಬುದ್ಧಿಯೂ ಬಂದೀತು ಎಂದೆಣಿಸಿ, ಪಶ್ಚಾತ್ತಾಪದ 51ನೆಯ ಕೀರ್ತನೆಯನ್ನು ಮೊಣಕಾಲೂರಿ ಬಾಯಿಪಾಠ ಒಪ್ಪಿಸುವವರೆಗೆ ಊಟವಿಲ್ಲವೆಂದೆವು. ಒಪ್ಪಿಸಿದನು, ಒಂದು ಮಾತೂ ತಪ್ಪಲಿಲ್ಲ. ನಮಗೆ ಹೆಮ್ಮೆಯೇ ಆಯಿತು. ಇಪ್ಪತ್ತು ವರ್ಷಗಳ ಮೇಲೆ ಅವನ ಅಜ್ಜನ ಮಣ್ಣಿನ ದಿನ ದೇವಾಲಯದಲ್ಲಿ ಅದೇ ಕೀರ್ತನೆಯನ್ನು ಓದಿದಾಗ ಅವನು ಎದ್ದು ಹೊರಗೆ ಹೋದನು. ಅಜ್ಜನ ಮೇಲೆ ಪ್ರಾಣವಿಟ್ಟಿದ್ದವನು ಹೀಗೇಕೆ ಮಾಡಿದನೆಂದು ಸಂಜೆ ಕೇಳಿದೆವು. "ಆ ಮಾತು ಕಿವಿಗೆ ಬಿದ್ದರೆ ಇಂದಿಗೂ ನನಗೆ ಮೊಣಕಾಲು ನೋಯುತ್ತದೆ, ಅಪ್ಪಾ" ಎಂದನು. ಕ್ಷಮೆಯನ್ನು ಬೇಡಲು ಕಲಿಸುವ ಆ ಕೀರ್ತನೆಯನ್ನು ನಾವೇ ಅವನಿಗೆ ಬೆತ್ತವನ್ನಾಗಿ ಮಾಡಿದ್ದೆವು. ಅಂದು ನಾವು ಅವನ ಕ್ಷಮೆಯನ್ನು ಕೇಳಿಕೊಂಡೆವು. ಆದುದರಿಂದ ನಮ್ಮ ಮೊದಲನೆಯ ಮಾತು ಇದು: ಸತ್ಯವೇದವನ್ನೂ ಪ್ರಾರ್ಥನೆಯನ್ನೂ ಎಂದಿಗೂ ದಂಡನೆಯಾಗಿ ಉಪಯೋಗಿಸಬೇಡಿರಿ.

ಎರಡನೆಯದು ಹೊತ್ತಿನ ವಿಚಾರ. ಗಡಿಯಾರವನ್ನು ನೋಡಿ ಹೊತ್ತನ್ನು ಗೊತ್ತುಮಾಡುವುದಕ್ಕಿಂತ, ಮನೆಯಲ್ಲಿ ಈಗಾಗಲೇ ನಡೆಯುವ ಕೆಲಸವೊಂದಕ್ಕೆ ಪ್ರಾರ್ಥನೆಯನ್ನು ಹೊಂದಿಸಿಡುವುದು ಲೇಸು. ಮುಸ್ಸಂಜೆಯಲ್ಲಿ ಕೈಕಾಲು ತೊಳೆದು, ದೀಪ ಹಚ್ಚಿ, ಮಕ್ಕಳನ್ನು ಕೂರಿಸಿ ಬಾಯಿಪಾಠ ಹೇಳಿಸುವುದು ನಮ್ಮ ನೆರೆಹೊರೆಯ ಹಿಂದೂ ಮನೆಗಳಲ್ಲಿಯೂ ಇರುವ ಹಳೆಯ ವಾಡಿಕೆ. ಆ ಹೊತ್ತಿನ ಸೌಮ್ಯತೆಯು ಮಲೆನಾಡಿನ ಮಗುವಿಗೆ ಹುಟ್ಟಿನಿಂದಲೇ ಗೊತ್ತು. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಮನೆಮಂದಿಯೆಲ್ಲ ರಾತ್ರಿಯವರೆಗೆ ಸುಲಿಯುತ್ತ ಕುಳಿತಿರುವಾಗ ದೀಪದ ಹೊತ್ತು ತಪ್ಪಿಹೋಗುವುದುಂಟು. ಆಗ ಸುಲಿಯುವ ಚಪ್ಪರದಲ್ಲಿಯೇ ಒಬ್ಬರು ಓದಲಿ, ಉಳಿದವರು ಕೇಳಲಿ. ಮಳೆಗಾಲದ ರಾತ್ರಿಗಳಲ್ಲಿ ಒಬ್ಬರು ಜೈಮಿನಿ ಭಾರತವನ್ನೋ ತೊರವೆ ರಾಮಾಯಣವನ್ನೋ ರಾಗವಾಗಿ ಓದುವುದು, ಮನೆಯವರೆಲ್ಲ ಕುಳಿತು ಕೇಳುವುದು ಈ ಸೀಮೆಯ ಹಿಂದಿನವರ ಸಂಪ್ರದಾಯವಷ್ಟೆ. ಗ್ರಂಥವನ್ನು ಕಿವಿಯಿಂದ ಕಲಿಯುವುದು ನಮ್ಮ ನೆಲಕ್ಕೆ ಹೊಸದಲ್ಲ.

ಮೂರನೆಯದು ಉದ್ದದ ವಿಚಾರ. ಪತ್ರ ಬರೆದ ತಾಯಿಯ ಮಗನು ಕೇಳಿದ್ದು ಉದ್ಧಟತನದ ಮಾತಲ್ಲ. ಬಹಳ ಮಾತುಗಳನ್ನಾಡಿದರೆ ಮಾತ್ರ ದೇವರು ಕೇಳುವನೆಂದು ಎಣಿಸಬೇಡಿರೆಂದು ಯೇಸುಸ್ವಾಮಿಯೇ ಶಿಷ್ಯರಿಗೆ ಬೋಧಿಸಿ, ಆ ಕೂಡಲೇ ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಬಹುದಾದ ಪ್ರಾರ್ಥನೆಯನ್ನು ಕಲಿಸಿಕೊಟ್ಟನಲ್ಲವೇ? ಹಾಗೆಂದು ಅತ್ತೆಯವರ ಜಪಸರವನ್ನು ಮೊಟಕುಮಾಡುವುದೂ ಸರಿಯಲ್ಲ. ಅದು ಅವರ ಆಯುಸ್ಸಿನ ಆಧಾರ. ನಮ್ಮ ಸಲಹೆ ಹೀಗೆ: ಹತ್ತು ಹತ್ತು ಮಣಿಗಳ ಐದು ಭಾಗಗಳಲ್ಲಿ ಮೊದಲನೆಯದನ್ನು ಮಗನೇ ನಡೆಸಲಿ, ಅಜ್ಜಿಯು ಉತ್ತರ ಹೇಳಲಿ. ಅದು ಮುಗಿದೊಡನೆ ಅವನು ಹಿರಿಯರ ಮುಂದೆ ಬಂದು, ಕರಾವಳಿಯ ಮನೆಗಳ ರೂಢಿಯಂತೆ ಬೆಸಾಂವ್ ಬೇಡಲಿ. ಅಜ್ಜಿಯು ತಲೆಯ ಮೇಲೆ ಕೈಯಿಟ್ಟು ಹರಸಿ ಕಳುಹಿಸಲಿ. ಉಳಿದ ನಾಲ್ಕು ಭಾಗಗಳು ಒಳಗೆ ನಡೆಯುತ್ತಿರುವಾಗ ಅವನು ಜಗಲಿಯಲ್ಲಿ ಲೆಕ್ಕ ಮಾಡುತ್ತಿರಲಿ. ಗೋಡೆಯಾಚೆಯಿಂದ ಬರುವ ಅಜ್ಜಿಯ ಧ್ವನಿಯು ಅವನಿಗೆ ತಿಳಿಯದಂತೆಯೇ ಅವನಲ್ಲಿ ಇಳಿಯುವುದು. ಹೀಗೆ ಮಾಡಿದರೆ ತಾಯಿಯು ಯಾರ ಪಕ್ಷವನ್ನೂ ವಹಿಸಬೇಕಾಗಿಲ್ಲ.

ನಾಲ್ಕನೆಯದು, ಏನನ್ನು ಓದಬೇಕೆಂಬುದು. ಹೊಸ ವರ್ಷದ ದಿನ ಉತ್ಸಾಹದಿಂದ ಆದಿಕಾಂಡವನ್ನು ಹಿಡಿದು, ಗುಡಾರದ ಅಳತೆಗಳನ್ನೂ ಯಾಜಕಕಾಂಡದ ಬಲಿವಿಧಿಗಳನ್ನೂ ದಾಟಲಾರದೆ ಅಲ್ಲಿಯೇ ಗುರುತಿನ ದಾರವನ್ನಿಟ್ಟು ಮುಚ್ಚಿದ ಪುಸ್ತಕಗಳು ಎಷ್ಟು ಮನೆಗಳಲ್ಲಿಲ್ಲ! ಮಕ್ಕಳಿಗೆ ಮಾರ್ಕನ ಸುವಾರ್ತೆಯಿಂದ ಆರಂಭಿಸಿರಿ. ಹದಿನಾರೇ ಅಧ್ಯಾಯಗಳು, ಕಥೆಯು ವೇಗವಾಗಿ ಸಾಗುವುದು. ಲೂಕನಲ್ಲಿ 24 ಅಧ್ಯಾಯಗಳಿರುವುದರಿಂದ ಡಿಸೆಂಬರ್ 1ರಿಂದ ದಿನಕ್ಕೊಂದರಂತೆ ಓದಿದರೆ ಕ್ರಿಸ್ಮಸಿನ ಹಿಂದಿನ ರಾತ್ರಿಗೆ ಮುಗಿಯುವುದು. ಜ್ಞಾನೋಕ್ತಿಗಳ 31 ಅಧ್ಯಾಯಗಳು ದೊಡ್ಡ ಮಕ್ಕಳಿಗೆ ತಿಂಗಳ ತಾರೀಖಿನಂತೆ ಒದಗುವುವು. ಅತಿ ಚಿಕ್ಕವರಿಗೆ 117ನೆಯ ಕೀರ್ತನೆ. ಅದರಲ್ಲಿರುವುದು ಎರಡೇ ವಚನಗಳು. ಒಂದು ದಿನ ಏನೂ ಸಾಗದಿದ್ದರೆ ಒಂದೇ ವಚನವು ಸಾಕು. ಜರ್ಮನಿಯ ಹೆರ್ನ್‌ಹೂಟ್ ಎಂಬ ಊರಿನಲ್ಲಿ 1728ರಲ್ಲಿ ದಿನಕ್ಕೊಂದು ವಚನವನ್ನು ಮನೆಮನೆಗೆ ಮುಟ್ಟಿಸುವ ಪದ್ಧತಿಯು ಆರಂಭವಾಯಿತು. 1731ರಿಂದ ವರ್ಷವರ್ಷವೂ ಪುಸ್ತಕವಾಗಿ ಅಚ್ಚಾಗಿ ಅದು ಇಂದಿಗೂ ನಿಂತಿಲ್ಲ. ಚಿಕ್ಕದಾದುದರಿಂದಲೇ ಬಾಳಿತೆಂದು ನಮಗೆ ತೋರುವುದು.

ಭಾಷೆಯ ತೊಡಕೂ ಇರುವುದು. ಮಗುವು ಮನೆಯಲ್ಲಿ ಕೊಂಕಣಿಯನ್ನೋ ಮಲಯಾಳವನ್ನೋ ಆಡುವುದು, ಬೀದಿಯಲ್ಲಿ ಕನ್ನಡವನ್ನು, ಶಾಲೆಯಲ್ಲಿ ಇಂಗ್ಲಿಷನ್ನು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು ನೆಲಸಿ ಕನ್ನಡವನ್ನು ಕಲಿತು ಅನುವಾದಕ್ಕೆ ಕೈಹಾಕಿದರು. ಪೂರ್ಣ ಕನ್ನಡ ಸತ್ಯವೇದವು ಅಚ್ಚಾಗಿ ಹೊರಟದ್ದು 1831ರಲ್ಲಿ. ಜನರು ತಾವು ಆಡುವ ಮಾತಿನಲ್ಲಿ ಕೇಳಬೇಕೆಂದೇ ಇಷ್ಟು ವರ್ಷಗಳ ದುಡಿಮೆ. ಆದುದರಿಂದ ಹಳೆಯ ಅನುವಾದದ ಪ್ರೌಢ ಪದಗಳಲ್ಲಿ ಮಗುವು ಎಡವಿದರೆ ನಗಬೇಡಿರಿ. ಸುಲಭ ಕನ್ನಡದ ಅನುವಾದಗಳು ಈಗ ದೊರೆಯುವುವು. ದೊಡ್ಡವರು ಆ ದಿನದ ಭಾಗವನ್ನು ಮೊದಲೇ ಓದಿಕೊಂಡು, ಕಥೆಯನ್ನು ಮನೆಮಾತಿನಲ್ಲಿ ಹೇಳಿ, ಅನಂತರ ಎಂಟು ಹತ್ತು ವಚನಗಳನ್ನು ಕನ್ನಡದಲ್ಲಿ ಓದಿಸಲಿ. ಬಿತ್ತುವವನ ಸಾಮ್ಯವನ್ನು ಗದ್ದೆಯ ಅಂಚಿನಲ್ಲಿ ಬೆಳೆದ ಮಗುವಿಗೆ ವಿವರಿಸಬೇಕಾದುದೇ ಇಲ್ಲ. ಅದೇ ನಮಗೆ ವಿವರಿಸೀತು.

ಐದನೆಯದು, ಮಗುವಿನ ಪಾಲು. ಸುಮ್ಮನೆ ಕೈಮುಗಿದು ಕುಳಿತಿರುವುದು ಪಾಲಲ್ಲ. ದೀಪ ಹಚ್ಚುವುದು ಒಬ್ಬರದು, ಪುಸ್ತಕ ತರುವುದು ಇನ್ನೊಬ್ಬರದು, ಎಲ್ಲರ ಮೊಬೈಲುಗಳನ್ನು ಬುಟ್ಟಿಗೆ ಹಾಕಿ ಬೇರೆ ಕೋಣೆಯಲ್ಲಿಟ್ಟು ಬರುವುದು ಮತ್ತೊಬ್ಬರದು. ತಂದೆಯ ಮೊಬೈಲೂ ಅದರಲ್ಲಿ ಬೀಳಲಿ. ಯಾವುದಕ್ಕಾಗಿ ಪ್ರಾರ್ಥಿಸಬೇಕೆಂದು ಮಗುವನ್ನೇ ಕೇಳಿರಿ. ಕರು ಹಾಕಲಿರುವ ಹಸು, ನಾಳೆಯ ಪರೀಕ್ಷೆ, ಜ್ವರ ಬಂದು ಮಲಗಿರುವ ನೆರೆಮನೆಯ ಗೆಳೆಯ — ಇವೆಲ್ಲ ದೊಡ್ಡ ವಿಷಯಗಳೇ. ಗೆಳೆಯನು ಯಾವ ಮತದವನಾದರೇನು?

ಇನ್ನು ಎಲ್ಲಕ್ಕಿಂತ ಕಠಿನವಾದುದು. ಏಲಿಯು ದೇವರ ಆಲಯದಲ್ಲಿ ಯಾಜಕನಾಗಿದ್ದನು. ಆದರೂ ಅವನ ಮಕ್ಕಳು ಕೆಟ್ಟರು. ತಿಮೊಥೆಯನಾದರೋ ತನ್ನ ಅಜ್ಜಿಯಾದ ಲೋವಿಯಿಂದಲೂ ತಾಯಿಯಾದ ಯೂನಿಕೆಯಿಂದಲೂ ನಂಬಿಕೆಯನ್ನು ಪಡೆದನು. ಮಕ್ಕಳು ಓದನ್ನು ಕೇಳುವುದಕ್ಕಿಂತ ಹೆಚ್ಚಾಗಿ ಓದಿದವರನ್ನು ನೋಡುತ್ತಿರುವರು. ಬೆಳಿಗ್ಗೆ ಕೂಲಿಯವನ ಮೇಲೆ ರೇಗಿ ಲೆಕ್ಕ ತಪ್ಪಿಸಿದ ಯಜಮಾನನು ಸಂಜೆ ಗಂಭೀರವಾಗಿ ಸುವಾರ್ತೆಯನ್ನು ಓದಿದರೆ, ಮಗುವಿಗೆ ತಿಳಿಯುವುದು ಸುವಾರ್ತೆಯಲ್ಲ, ನಟನೆ. ಗಂಡಹೆಂಡಿರೊಳಗೆ ಮಾತು ನಿಂತಿದ್ದರೆ ಪುಸ್ತಕವನ್ನು ತೆರೆಯುವ ಮೊದಲೇ, ಮಕ್ಕಳ ಎದುರಿನಲ್ಲಿಯೇ, ಒಬ್ಬರು ಸೋತು ಮಾತನಾಡಲಿ. ಅದೊಂದು ಮಾತು ಹತ್ತು ಅಧ್ಯಾಯಗಳಿಗೆ ಸಮ.

ಮನೆಯ ಪ್ರಾರ್ಥನೆಯು ಎಷ್ಟನ್ನು ಹೊರಬಲ್ಲುದೆಂಬುದಕ್ಕೆ ದೂರದೇಶದ ಒಂದು ಸಂಗತಿಯನ್ನು ಹೇಳಿ ಮುಗಿಸುವೆವು. ಜಪಾನಿನಲ್ಲಿ 1614ರಲ್ಲಿ ಕ್ರೈಸ್ತ ಮತವನ್ನು ನಿಷೇಧಿಸಿದರು. ಗುರುಗಳೂ ಇಲ್ಲವಾದರು, ದೇವಾಲಯಗಳೂ ಇಲ್ಲವಾದುವು. 1865ರಲ್ಲಿ, ಪರದೇಶೀಯರಿಗಾಗಿ ನಾಗಸಾಕಿಯ ಓರಾದಲ್ಲಿ ಕಟ್ಟಿದ ಹೊಸ ದೇವಾಲಯಕ್ಕೆ ಹತ್ತಿರದ ಹಳ್ಳಿಯ ಕೆಲವರು ಮೆಲ್ಲನೆ ಬಂದು, ತಮ್ಮ ಹೃದಯವೂ ಗುರುಗಳ ಹೃದಯವೂ ಒಂದೇ ಎಂದು ತಿಳಿಸಿದರು. ಇನ್ನೂರು ವರ್ಷಗಳಿಗೂ ಮೀರಿ ತಂದೆತಾಯಿಗಳು ಮಕ್ಕಳಿಗೆ, ಆ ಮಕ್ಕಳು ತಮ್ಮ ಮಕ್ಕಳಿಗೆ, ಪ್ರಾರ್ಥನೆಗಳನ್ನು ಬಾಯಿಂದ ಬಾಯಿಗೆ ದಾಟಿಸುತ್ತ ಬಂದಿದ್ದರು.

ಅವರಿಗೆ ಅಷ್ಟು ಕಷ್ಟದಲ್ಲಿ ಸಾಧ್ಯವಾದುದು ನಮಗೆ ಹತ್ತು ನಿಮಿಷಗಳಲ್ಲಿ ಸಾಧ್ಯವಾಗದೆ? ಒಂದು ಸಂಜೆ ತಪ್ಪಿದರೆ ಮನೆಯವರನ್ನು ದೂರಬೇಡಿರಿ. ಮರುದಿನ ಮತ್ತೆ ದೀಪವನ್ನು ಹಚ್ಚಿರಿ. ತೀರ್ಥಹಳ್ಳಿಯ ಸೋದರಿಯವರು ಮೊದಲನೆಯ ಭಾಗವನ್ನು ಮಗನ ಕೈಗೆ ಕೊಟ್ಟು ನೋಡಿ, ಏನಾಯಿತೆಂಬುದನ್ನು ನಮಗೆ ಬರೆಯುವರೆಂದು ನಂಬಿರುವೆವು.