ಫೋಕಸ್ ತಿದ್ದುವ ಅಧಿಕಾರ ಆಪರೇಟರ್‌ಗೆ ಕೊಡಿ

ಲೇಸರ್ ಕಟಿಂಗ್ ಮಷೀನಿನ ಫೋಕಸ್ ತಿದ್ದುವ ಅಧಿಕಾರ ಅದರ ಮುಂದೆ ನಿಂತು ದುಡಿಯುವ ಆಪರೇಟರ್‌ಗೆ ಇರಬೇಕು. ಹೀಗೆಂದರೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎಷ್ಟೋ ಮಾಲೀಕರು ಹುಬ್ಬೇರಿಸುತ್ತಾರೆ. ನಾನು ಕಂಡ ಹೆಚ್ಚಿನ ಶೆಡ್‌ಗಳಲ್ಲಿ ಫೋಕಸ್, ಗ್ಯಾಸ್ ಪ್ರೆಶರ್, ಸ್ಪೀಡ್ ಎಲ್ಲಕ್ಕೂ ಪಾಸ್‌ವರ್ಡ್ ಇದೆ. ಅದು ಗೊತ್ತಿರುವುದು ಮಾಲೀಕರಿಗೆ, ಇಲ್ಲವೇ ಮಷೀನು ಮಾರಿದವರ ಸರ್ವಿಸ್ ಎಂಜಿನಿಯರ್‌ಗೆ. ಆಪರೇಟರ್ ಶೀಟ್ ಹಾಕಬೇಕು, ಪ್ರೋಗ್ರಾಂ ತೆರೆಯಬೇಕು, ಸ್ಟಾರ್ಟ್ ಒತ್ತಬೇಕು. ಅಂಚಿನಲ್ಲಿ ಬರ್, ಅಂದರೆ ಅಂಟಿ ಉಳಿದ ಲೋಹದ ಚೂಪು ಮುಳ್ಳು, ಕಂಡರೂ ಲಾಟ್ ಮುಗಿಯುವವರೆಗೆ ಹಾಗೇ ಕತ್ತರಿಸುತ್ತಿರಬೇಕು.

ಪೀಣ್ಯ ಎರಡನೇ ಹಂತದ ಒಂದು ಜಾಬ್ ವರ್ಕ್ ಘಟಕದಲ್ಲಿ ನಾನು ಕ್ವಾಲಿಟಿ ನೋಡಿಕೊಳ್ಳುವವಳು. ಎಲೆಕ್ಟ್ರಿಕ್ ಪ್ಯಾನೆಲ್ ಬಾಕ್ಸ್, ಮೋಟರ್ ಬ್ರಾಕೆಟ್, ಹೋಟೆಲ್ ಅಡುಗೆಮನೆಯ ಸ್ಟೀಲ್ ಟೇಬಲ್ಲಿನ ಭಾಗ, ಹೀಗೆ ಯಾರು ಯಾವ ಡ್ರಾಯಿಂಗ್ ಕಳಿಸಿದರೂ ನಮ್ಮಲ್ಲಿ ಕತ್ತರಿಸಿ ಕೊಡುತ್ತೇವೆ. ಪ್ರತಿ ಲಾಟಿನ ಮೊದಲ ತುಂಡು ನನ್ನ ಮೇಜಿಗೆ ಬರುತ್ತದೆ. ಫೋಕಸ್ ಸರಿಯಿತ್ತೋ ಇಲ್ಲವೋ ಎಂಬುದು ಅಳತೆ ತೆಗೆಯುವ ಮುಂಚೆಯೇ ಬೆರಳಿಗೆ ತಿಳಿದುಬಿಡುತ್ತದೆ.

ಫೈಬರ್ ಲೇಸರ್ ಮಷೀನಿನ ಕಟಿಂಗ್ ಹೆಡ್ಡಿನೊಳಗೆ ಮುಖ್ಯವಾಗಿ ಎರಡು ಲೆನ್ಸ್ ಇರುತ್ತವೆ. ಫೈಬರಿನ ತುದಿಯಿಂದ ಹರಡಿಕೊಂಡು ಬರುವ ಬೆಳಕನ್ನು ಒಂದು ನೇರವಾಗಿಸುತ್ತದೆ, ಇನ್ನೊಂದು ಆ ಬೆಳಕನ್ನು ಬಿಂದುವಿಗೆ ತರುತ್ತದೆ. ಫೈಬರ್ 100 ಮೈಕ್ರಾನಿನದು, ಮೊದಲ ಲೆನ್ಸಿನ ಫೋಕಲ್ ಲೆಂತ್ 100 ಮಿಲಿಮೀಟರ್, ಎರಡನೆಯದರದು 150 ಮಿಲಿಮೀಟರ್ ಎಂದುಕೊಳ್ಳಿ. ಆಗ ಬಿಂದುವಿನ ಅಗಲ ಸುಮಾರು 150 ಮೈಕ್ರಾನ್. ಮಿಲಿಮೀಟರಿನ ಏಳನೇ ಒಂದು ಭಾಗಕ್ಕಿಂತ ಚೂರು ಹೆಚ್ಚು. ಅಲ್ಲಿಂದ ಒಂದೆರಡು ಮಿಲಿಮೀಟರ್ ಮೇಲಕ್ಕೋ ಕೆಳಕ್ಕೋ ಸರಿದರೆ ಬೆಳಕು ಬೀಳುವ ಜಾಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಅಷ್ಟೇ ಜಾಗಕ್ಕೆ ಸಿಗುವ ಶಕ್ತಿ ಅರ್ಧಕ್ಕಿಳಿಯುತ್ತದೆ. ಸ್ಕ್ರೀನಿನಲ್ಲಿ ಮಾತ್ರ ಪವರ್ ಅದೇ ಮೂರು ಕಿಲೋವ್ಯಾಟ್ ಎಂದು ತೋರಿಸುತ್ತಿರುತ್ತದೆ.

ಆ ಬಿಂದು ಎಲ್ಲಿರಬೇಕು ಎಂಬುದನ್ನು ಲೋಹ ನಿರ್ಧರಿಸುತ್ತದೆ. ಸ್ಟೇನ್‌ಲೆಸ್ ಸ್ಟೀಲನ್ನು ನೈಟ್ರೋಜನ್ ಹಾಕಿ ಕತ್ತರಿಸುವಾಗ ಬಿಂದು ಶೀಟಿನ ಒಳಕ್ಕೆ ಇಳಿಯಬೇಕು. ಹತ್ತರಿಂದ ಇಪ್ಪತ್ತು ಬಾರ್ ಒತ್ತಡದ ಗ್ಯಾಸು ಕರಗಿದ ಲೋಹವನ್ನು ತಳದಿಂದ ಹೊರಗೆ ಊದಿ ಹಾಕಬೇಕಾದ್ದರಿಂದ ತಳದವರೆಗೂ ಲೋಹ ನೀರಾಗಿರಬೇಕು. ಹನ್ನೆರಡು ಮಿಲಿಮೀಟರ್ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟನ್ನು ಆಕ್ಸಿಜನ್‌ನಲ್ಲಿ ಕತ್ತರಿಸುವಾಗ ಲೆಕ್ಕವೇ ಬೇರೆ. ಬಿಂದು ಪ್ಲೇಟಿನ ಮೇಲ್ಮೈಗಿಂತ ಮೇಲಿರುತ್ತದೆ, ಸೀಳು ಅಗಲವಾಗಿ ಆಕ್ಸಿಜನ್ ಒಳಗಿಳಿಯುತ್ತದೆ, ಕಬ್ಬಿಣವೇ ಉರಿದು ಶಾಖ ಕೊಡುತ್ತದೆ. ಅಲ್ಲಿ ಒಂದು ಬಾರ್‌ಗಿಂತ ಕಡಿಮೆ ಒತ್ತಡ ಸಾಕು. ಇಷ್ಟೆಲ್ಲ ಮಷೀನಿನ ಪ್ಯಾರಾಮೀಟರ್ ಲೈಬ್ರರಿಯಲ್ಲಿ ಇದೆಯಲ್ಲ ಎಂದು ಮಾಲೀಕರು ಹೇಳುತ್ತಾರೆ. ಇದೆ, ನಿಜ. ಆದರೆ ಅದು ಕಂಪನಿಯವರು ತಮ್ಮ ಸ್ವಚ್ಛ ಹಾಲ್‌ನಲ್ಲಿ, ಹೊಸ ಲೆನ್ಸ್ ಹಾಕಿಕೊಂಡು, ತಾವು ಕೊಂಡ ಶೀಟಿನ ಮೇಲೆ ಬರೆದಿಟ್ಟ ಲೆಕ್ಕ. ನಮ್ಮ ಶೆಡ್ಡಿನಲ್ಲಿ ಹತ್ತು ಅಡಿ ದೂರದಲ್ಲಿ ಗ್ರೈಂಡಿಂಗ್ ನಡೆಯುತ್ತಿರುತ್ತದೆ.

ಹೆಡ್ಡಿನ ತುದಿಯಲ್ಲಿ, ಲೆನ್ಸನ್ನು ಕಾಯಲೆಂದೇ ಒಂದು ಪ್ರೊಟೆಕ್ಷನ್ ಗ್ಲಾಸ್ ಇರುತ್ತದೆ. ಅದರ ಮೇಲೆ ಧೂಳಿನ ಒಂದು ಕಣವೋ ಕಂಪ್ರೆಸರಿನಿಂದ ಬಂದ ಎಣ್ಣೆಯ ಹನಿಯೋ ಕೂತರೆ ಬೆಳಕಿನ ಒಂದು ಪಾಲು ಅಲ್ಲೇ ಶಾಖವಾಗುತ್ತದೆ. ಬಿಸಿಯಾದ ಗಾಜು ತಾನೇ ಒಂದು ಸಣ್ಣ ಲೆನ್ಸ್ ಆಗಿಬಿಡುತ್ತದೆ, ಫೋಕಸ್ ಮೇಲಕ್ಕೆ ಸರಿಯುತ್ತದೆ. ಬೆಳಿಗ್ಗೆ ಚೆನ್ನಾಗಿ ಬಂದ ತುಂಡು ಮಧ್ಯಾಹ್ನದ ಹೊತ್ತಿಗೆ ಬರ್ ಹಿಡಿಯುವುದು ಎಷ್ಟೋ ಸಲ ಇದರಿಂದಲೇ. ನಮ್ಮಲ್ಲಿ ಆಪರೇಟರ್ ಆಗಿರುವ ಗದಗದ ಕಡೆಯ ಹುಡುಗ ಒಂದು ದಿನ ಎರಡು ತುಂಡು ಹಿಡಿದುಕೊಂಡು ಬಂದು ಹೇಳಿದ: “ಮೇಡಂ, ಊಟಾ ಮಾಡಿ ಬಂದು ಹಾಕಿದ್ದ ಫಸ್ಟ್ ಶೀಟು ಚಲೋ ಬಂತ್ರಿ, ಆಮ್ಯಾಲ ಮತ್ತ ಬರ್ ಹಿಡದೈತಿ. ಗ್ಲಾಸ್ ನೋಡಬೇಕ್ರಿ.” ಅರ್ಧ ಗಂಟೆಯ ಬಿಡುವಿನಲ್ಲಿ ಗಾಜು ತಣ್ಣಗಾಗಿ ಫೋಕಸ್ ತನ್ನ ಜಾಗಕ್ಕೆ ಮರಳಿತ್ತು, ಕೆಲಸ ಶುರುವಾದ ಮೇಲೆ ಮತ್ತೆ ಸರಿಯಿತು. ಗಾಜು ತೆಗೆದು ಬೆಳಕಿಗೆ ಹಿಡಿದಾಗ ನಡುವೆ ಸಾಸಿವೆಗಿಂತ ಚಿಕ್ಕದೊಂದು ಸುಟ್ಟ ಕಲೆ ಇತ್ತು. ಯಾವ ಮ್ಯಾನುಯಲ್ಲನ್ನೂ ಓದದೆ, ಎರಡು ಶೀಟಿನ ಅಂಚು ಹೋಲಿಸಿ ಅವನು ಕಾರಣ ಹಿಡಿದಿದ್ದ. ಅಂಥವನ ಕೈಗೆ ಪಾಸ್‌ವರ್ಡ್ ಕೊಡುವುದಿಲ್ಲ ಎಂದರೆ ನನಗೆ ಸಂಕಟವಾಗುತ್ತದೆ.

ಅಂಚು ಓದುವ ಈ ವಿದ್ಯೆ ಕಲಿಯಬಹುದಾದದ್ದು. ಸ್ಟೇನ್‌ಲೆಸ್ ಸ್ಟೀಲಿನ ತಳದಲ್ಲಿ ನೂಲಿನಂತೆ ಉದ್ದುದ್ದ, ಅಂಕುಡೊಂಕಾದ ಬರ್ ಇದ್ದರೆ ಫೋಕಸ್ ಮೇಲೆ ಇದೆಯೆಂದು ಶಂಕಿಸಬೇಕು. ಒಂದೇ ಅಳತೆಯ ಸಣ್ಣ ಹನಿಗಳು ಸಾಲಾಗಿ ಅಂಟಿದ್ದರೆ ಫೋಕಸ್ ತೀರಾ ಕೆಳಗಿದೆ, ಇಲ್ಲವೇ ಸ್ಪೀಡ್ ಜಾಸ್ತಿಯಾಗಿದೆ. ಒಂದು ಪಕ್ಕಕ್ಕೆ ಮಾತ್ರ ಬರ್ ಇದ್ದರೆ ಫೋಕಸ್ ಮುಟ್ಟಲೇಬಾರದು. ಕಿರಣ ಹೆಡ್ಡಿನ ತುದಿಯ ನಾಝಲ್ಲಿನ ನಡುವಿನಿಂದ ಬರುತ್ತಿಲ್ಲ ಎಂದರ್ಥ, ನಾಝಲ್ಲಿಗೆ ಟೇಪ್ ಅಂಟಿಸಿ ಒಂದು ಶಾಟ್ ಹೊಡೆದು ತೂತು ಎಲ್ಲಿ ಬಿತ್ತೆಂದು ನೋಡಬೇಕು. ಅಂಚು ಹಳದಿಗೆ ತಿರುಗಿದ್ದರೆ ನೈಟ್ರೋಜನ್ ಶುದ್ಧವಿಲ್ಲ. ಏನನ್ನು ಮುಟ್ಟಬೇಕು ಎಂಬುದರಷ್ಟೇ ಏನನ್ನು ಮುಟ್ಟಬಾರದು ಎಂಬುದೂ ಆಪರೇಟರ್‌ಗೆ ತಿಳಿದಿರಬೇಕು. ಕೈಕಟ್ಟಿ ನಿಲ್ಲಿಸಿದರೆ ಎರಡನ್ನೂ ಅವನು ಕಲಿಯುವುದಿಲ್ಲ.

ಆಟೋಫೋಕಸ್ ಹೆಡ್ ಬಂದ ಮೇಲೆ ಇದೆಲ್ಲ ಬೇಡ ಎಂಬ ನಂಬಿಕೆ ಬಲವಾಗಿದೆ. ಅದು ಎಲ್ಲಿ ತಪ್ಪುತ್ತದೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಲೇಸರ್ ಕಿರಣದ ಜೊತೆ ಆಕ್ಸಿಜನ್ ಊದಿ ಉಕ್ಕಿನ ಶೀಟನ್ನು ಮೊದಲು ಕತ್ತರಿಸಿ ತೋರಿಸಿದ್ದು 1967ರಲ್ಲಿ, ಇಂಗ್ಲೆಂಡಿನಲ್ಲಿ, ಪೀಟರ್ ಹೋಲ್ಡ್‌ಕ್ರಾಫ್ಟ್. ಅದಕ್ಕೆ ಬಳಸಿದ್ದು ಕಾರ್ಬನ್ ಡೈಆಕ್ಸೈಡ್ ಲೇಸರ್. ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1964ರಲ್ಲಿ ಕಂಡುಹಿಡಿದದ್ದು ಅದು. ಆ ಲೇಸರಿನ ಮಷೀನುಗಳಲ್ಲಿ ದುಡಿದವರು ಪೀಣ್ಯದಲ್ಲಿ ಈಗಲೂ ಸಿಗುತ್ತಾರೆ. ತೆಳು ಶೀಟಿಗೆ ಐದು ಇಂಚಿನ ಲೆನ್ಸ್, ದಪ್ಪ ಪ್ಲೇಟಿಗೆ ಏಳೂವರೆ ಇಂಚಿನದು; ಹೆಡ್ಡಿನ ರಿಂಗನ್ನು ಕೈಯಲ್ಲಿ ತಿರುಗಿಸಿ, ಗೆರೆ ನೋಡಿ ಅವರು ಫೋಕಸ್ ಕೂರಿಸುತ್ತಿದ್ದರು. ಈಗ ಆ ರಿಂಗಿನ ಜಾಗದಲ್ಲಿ ಮೋಟರ್ ಇದೆ. ಮೋಟರ್ ಲೆನ್ಸನ್ನು ಹೇಳಿದ ಅಂಕಿಗೆ ತಪ್ಪದೆ ಒಯ್ಯುತ್ತದೆ, ಆದರೆ ಬಿಂದು ನಿಜವಾಗಿ ಅಲ್ಲಿದೆಯೇ ಎಂದು ನೋಡುವುದಿಲ್ಲ. ಗಾಜಿನ ಬಿಸಿಯನ್ನು ಅಳೆಯುವ ಸೆನ್ಸರ್ ಇರುವ ದುಬಾರಿ ಹೆಡ್‌ಗಳು ಬಂದಿವೆ, ಒಳ್ಳೆಯದೇ. ಅವೂ ಎಚ್ಚರಿಕೆಯನ್ನಷ್ಟೇ ಕೊಡುತ್ತವೆ, ಅಂಚನ್ನು ನೋಡಬೇಕಾದವರು ನಾವೇ.

ಫೋಕಸಿನ ನಿಜವಾದ ಸೊನ್ನೆ ಎಲ್ಲಿದೆಯೆಂದು ಕಂಡುಕೊಳ್ಳುವ ಪರೀಕ್ಷೆ ಸುಲಭವಾದದ್ದು. ಒಂದು ಸ್ಕ್ರ್ಯಾಪ್ ಶೀಟ್ ಹಾಕಿ, ಕಡಿಮೆ ಪವರಿನಲ್ಲಿ ಪಕ್ಕಪಕ್ಕದಲ್ಲೇ ಗೆರೆಗಳನ್ನು ಎಳೆಯಬೇಕು. ಒಂದೊಂದು ಗೆರೆಗೂ ಫೋಕಸನ್ನು ಅರ್ಧ ಮಿಲಿಮೀಟರ್ ಬದಲಿಸುತ್ತ ಹೋಗಬೇಕು. ಎಲ್ಲಕ್ಕಿಂತ ತೆಳ್ಳಗೆ ಬಂದ ಗೆರೆಯಲ್ಲಿ ಬಿಂದು ಶೀಟಿನ ಮೇಲ್ಮೈ ಮೇಲೇ ಇದೆ. ಆಗ ಸ್ಕ್ರೀನು ಸೊನ್ನೆ ಎಂದರೆ ಸರಿ, ಒಂದು ಎಂದರೆ ಅಷ್ಟನ್ನು ತಿದ್ದಬೇಕು. ಇದನ್ನು ಮಷೀನಿನ ಬಾಗಿಲು ಮುಚ್ಚಿಯೇ ಮಾಡಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ. ಫೈಬರ್ ಲೇಸರಿನ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಶೀಟಿನಿಂದ ಪುಟಿದು ಬಂದದ್ದೂ ಕಣ್ಣಿನ ಪರದೆಯನ್ನು ಸುಡಬಲ್ಲದು. ಟೇಪ್ ಶಾಟ್, ಗೆರೆ ಪರೀಕ್ಷೆ ಎರಡೂ ಸೇರಿ ಕಾಲು ಗಂಟೆಯ ಕೆಲಸ. ಆ ಕಾಲು ಗಂಟೆಯನ್ನು ಶಿಫ್ಟಿನ ಲೆಕ್ಕದಲ್ಲಿ ಮಷೀನು ಸುಮ್ಮನೆ ನಿಂತ ಹೊತ್ತು ಎಂದು ಬರೆಯುತ್ತಿರುವವರೆಗೆ ಯಾವ ಆಪರೇಟರ್ ಅದನ್ನು ಮಾಡುತ್ತಾನೆ?

ಫೋಕಸ್ ತಪ್ಪಿದ್ದರ ಬೆಲೆ ಮಷೀನಿನ ಬಳಿ ಕಾಣುವುದಿಲ್ಲ, ಗ್ರೈಂಡಿಂಗ್ ಟೇಬಲ್ಲಿನಲ್ಲಿ ಕಾಣುತ್ತದೆ. ಬರ್ ಬಂದ ತುಂಡುಗಳು ಕ್ರೇಟ್ ತುಂಬಿಕೊಂಡು ಅಲ್ಲಿಗೆ ಹೋಗುತ್ತವೆ. ಅಲ್ಲಿರುವವರಲ್ಲಿ ಹೆಂಗಸರು ಹೆಚ್ಚು, ದಿನಗೂಲಿಯವರು ಹೆಚ್ಚು. ಸ್ಟೇನ್‌ಲೆಸ್ ಸ್ಟೀಲಿನ ಬರ್ ಗಟ್ಟಿ, ಬ್ಲೇಡಿನಷ್ಟು ಚೂಪು, ಬಟ್ಟೆಯ ಗ್ಲೌಸನ್ನು ಸೀಳಿಕೊಂಡು ಒಳಗೆ ಹೋಗುತ್ತದೆ. ಉಜ್ಜುವಾಗ ಏಳುವ ಧೂಳಿನಲ್ಲಿ ಕ್ರೋಮಿಯಂ, ನಿಕ್ಕಲ್ ಇರುತ್ತವೆ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಗ್ರೈಂಡರಿನ ಸದ್ದು ಮನೆಗೆ ಹೋದ ಮೇಲೂ ಕಿವಿಯಲ್ಲಿ ಉಳಿಯುತ್ತದೆ ಎಂದು ಅವರು ನನಗೆ ಹೇಳಿದ್ದಾರೆ. “ಇವತ್ತು ಮಾಲು ನುಣ್ಣಗಿದೆ ಅಕ್ಕಾ” ಎಂದು ಅವರಲ್ಲೊಬ್ಬರು ಹೇಳಿದ ದಿನ, ಕಟಿಂಗ್ ಮಾಡಿದವನು ಬೆಳಿಗ್ಗೆ ಗಾಜು ಬದಲಿಸಿ ಫೋಕಸ್ ನೋಡಿದ್ದನೆಂದು ನನಗೆ ಗೊತ್ತಾಗುತ್ತದೆ. ಉತ್ಪಾದನಾ ವೆಚ್ಚದ ಲೆಕ್ಕ ಹಾಕುವವರು ಡೀಬರ್ರಿಂಗನ್ನು, ಅಂದರೆ ಬರ್ ಉಜ್ಜುವ ಕೆಲಸವನ್ನು, ಬೇರೆ ಕಾಲಮ್ಮಿನಲ್ಲಿ ಬರೆಯುವುದರಿಂದ ಈ ನಂಟು ಅವರ ಕಣ್ಣಿಗೆ ಬೀಳುವುದಿಲ್ಲ. ಫೋಕಸಿನ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯಲು ಆ ಟೇಬಲ್ಲೇ ದೊಡ್ಡ ಕಾರಣ.

ಮಾಲೀಕರ ಭಯವೂ ಸುಳ್ಳಲ್ಲ. ಸಾಲ ಮಾಡಿ ತಂದ ಮಷೀನು, ತಿಂಗಳ ಕಂತು. ಹಗಲಿನವನು ಒಂದು ಅಂಕಿ ಹಾಕಿ, ರಾತ್ರಿಯವನು ಇನ್ನೊಂದು ಹಾಕಿದರೆ ಮೂಲ ಲೆಕ್ಕವೇ ಕಳೆದುಹೋಗುತ್ತದೆ. ಕಲಿತವನು ಪಕ್ಕದ ಶೆಡ್ಡಿಗೆ ಹೆಚ್ಚಿನ ಸಂಬಳಕ್ಕೆ ಹೋಗುತ್ತಾನೆ ಎಂಬ ಆತಂಕವೂ ಇದೆ. ಮೊದಲನೆಯದಕ್ಕೆ ದಾರಿ ಇದೆ: ಲೈಬ್ರರಿಯ ಮೂಲ ಅಂಕಿಗಳಿಗೆ ಬೀಗ ಇರಲಿ, ಅದರ ಮೇಲೆ ಒಂದು ಮಿಲಿಮೀಟರ್ ಅತ್ತಿತ್ತ ತಿದ್ದುವ ಅವಕಾಶವನ್ನು ಆಪರೇಟರ್‌ಗೆ ಬಿಡಿ, ತಿದ್ದಿದ್ದನ್ನು ಮಷೀನಿನ ಪಕ್ಕದ ನೋಟ್‌ಬುಕ್ಕಿನಲ್ಲಿ ದಿನಾಂಕ, ಲೋಹ, ದಪ್ಪ, ನಾಝಲ್ ಸಮೇತ ಬರೆಸಿ. ಎರಡನೆಯದಕ್ಕೆ ಸಂಬಳವೇ ಉತ್ತರ. ಫೋಕಸ್ ಬಲ್ಲವನನ್ನು ಬಟನ್ ಒತ್ತುವವನ ಕೂಲಿಯಲ್ಲಿ ಉಳಿಸಿಕೊಳ್ಳಲಾಗದು, ಉಳಿಸಿಕೊಳ್ಳಲೂಬಾರದು.

ಸರ್ಕಾರದ ಪಾಲೂ ಇಲ್ಲಿದೆ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಶುರುವಾದ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ನಮ್ಮ ರಾಜ್ಯಕ್ಕೆ ಒಳ್ಳೆಯ ಟೂಲ್ ಮೇಕರ್‌ಗಳನ್ನು ಕೊಟ್ಟಿದೆ. 2022ರಲ್ಲಿ 150 ಸರ್ಕಾರಿ ಐಟಿಐಗಳನ್ನು ತಂತ್ರಜ್ಞಾನ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಲಾಯಿತು. ನಮ್ಮಲ್ಲಿಗೆ ಕೆಲಸಕ್ಕೆ ಬರುವ ಹುಡುಗರು ವರ್ನಿಯರ್ ಹಿಡಿಯಬಲ್ಲರು, ಡ್ರಾಯಿಂಗ್ ಓದಬಲ್ಲರು. ಎಸ್ಸೆಸ್ಸೆಲ್ಸಿಯಲ್ಲಿ ಪೀನ ಮಸೂರದ ಕಿರಣಚಿತ್ರ ಬರೆದು ಅಂಕ ತೆಗೆದವರೇ ಅವರು. ಹೆಡ್ಡಿನೊಳಗಿರುವುದು ಅದೇ ಮಸೂರ ಎಂದು ಯಾರೂ ಅವರಿಗೆ ತೋರಿಸಿಕೊಟ್ಟಿಲ್ಲ. ಶೀಟ್ ಮೆಟಲ್, ವೆಲ್ಡಿಂಗ್ ಓದುವವರಿಗೆ ಒಂದು ಹಳೆಯ ಕಟಿಂಗ್ ಹೆಡ್ಡನ್ನು ಬಿಚ್ಚಿ ಜೋಡಿಸುವ, ಬೇಕೆಂದೇ ಫೋಕಸ್ ತಪ್ಪಿಸಿ ಕತ್ತರಿಸಿದ ತುಂಡುಗಳ ಅಂಚು ಓದುವ ಪ್ರಾಕ್ಟಿಕಲ್ ಬೇಕು.

ಮಷೀನು ಕೊಳ್ಳುವವರಿಗೂ ಒಂದು ಮಾತು. ಅಳವಡಿಸುವಾಗ ಕೊಡುವ ಕೆಲವೇ ದಿನಗಳ ತರಬೇತಿ ಅಂದು ಇದ್ದ ಆಪರೇಟರ್‌ಗೆ ಸಿಗುತ್ತದೆ, ಅವನ ನಂತರ ಬಂದವರು ಫೋನಿನಲ್ಲಿ ಕೇಳಿ ಕಲಿಯುತ್ತಾರೆ. ಖರೀದಿ ಆರ್ಡರಿನಲ್ಲೇ ಬರೆಸಿಕೊಳ್ಳಿ: ವರ್ಷಕ್ಕೊಮ್ಮೆ ಎರಡೂ ಶಿಫ್ಟಿನವರಿಗೆ ಫೋಕಸ್ ತರಬೇತಿ ಆಗಬೇಕು, ಅಂಚಿನ ದೋಷಗಳ ಚಿತ್ರಪಟ ಕನ್ನಡದಲ್ಲಿ ಇರಬೇಕು, ಆಪರೇಟರ್‌ಗೆಂದು ತಿದ್ದುಪಡಿಯ ಪ್ರತ್ಯೇಕ ಲಾಗಿನ್ ಬೇಕು. ಅಷ್ಟು ಹಣ ಕೊಟ್ಟು ಕೊಳ್ಳುವಾಗ ಈ ಮೂರನ್ನು ಕೇಳಿದರೆ ಮಾರುವವರು ಇಲ್ಲವೆನ್ನಲಾರರು. ಕೇಳಬೇಕು ಅಷ್ಟೇ, ಅದೂ ಅಡ್ವಾನ್ಸ್ ಕೊಡುವ ಮುಂಚೆ.