ಬೇಸಿಗೆಯ ಹಸಿರಿಗೆ ಯಾರ ನೀರು?

ಮಲೆನಾಡಿನ ಮನೆಯಂಗಳದ ರೂಪ ಮೆಲ್ಲನೆ ಬದಲಾಗುತ್ತಿದೆ. ಮಳೆ ಮುಗಿದೊಡನೆ ನೆಲ ಕೆತ್ತಿ, ಸಮ ಮಾಡಿ, ಸಗಣಿ ಸಾರಿಸಿ ಅಡಿಕೆ ಹರವಲು ಸಜ್ಜುಗೊಳಿಸುತ್ತಿದ್ದ ಜಾಗದಲ್ಲಿ ಈಗ ಹಲವೆಡೆ ನರ್ಸರಿಯಿಂದ ತಂದ ಹುಲ್ಲುಹಾಸು ಕಾಣಿಸುತ್ತದೆ. ಹೋಂಸ್ಟೇಗಳ ಮುಂದೆ, ಹೊಸ ಮನೆಗಳ ಮುಂದೆ, ಕೆಲವು ಶಾಲೆಗಳ ಆವರಣದಲ್ಲಿಯೂ ಇದೇ ನೋಟ. ಚೆಂದದ ಅಂಗಳ ಬೇಕೆನ್ನುವುದು ತಪ್ಪೇನೂ ಅಲ್ಲ. ಹೂವಿನ ಹಿತ್ತಿಲನ್ನು ಮಲೆನಾಡಿನ ಹೆಂಗಸರಷ್ಟು ಅಕ್ಕರೆಯಿಂದ ಸಾಕಿದವರು ವಿರಳ. ಆದರೆ ಬೇಸಿಗೆಯಲ್ಲಿಯೂ ಹಸಿರಾಗಿಯೇ ಇರಬೇಕೆಂದು ಹಟ ಹಿಡಿಯುವ ಅಂಗಳ ಎಲ್ಲಿಂದ ನೀರು ಕುಡಿಯುತ್ತದೆ ಎಂಬ ಪ್ರಶ್ನೆಯನ್ನು ಊರು ಕೇಳಲೇಬೇಕಾದ ಕಾಲ ಬಂದಿದೆ.

ಹುಲ್ಲುಹಾಸಿನ ಕಲ್ಪನೆ ಬಂದದ್ದು ಇಂಗ್ಲೆಂಡಿನಂತಹ ತಂಪು ನಾಡಿನಿಂದ. ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ ಸುಮಾರು 600 ಮಿ.ಮೀ. ಮಾತ್ರ. ಆಗುಂಬೆಯಲ್ಲಿ ಅದು 7,000 ಮಿ.ಮೀ.ಗೂ ಮಿಗಿಲು. ಹೀಗಿದ್ದೂ ಅಲ್ಲಿ ಹುಲ್ಲು ಬಹುಪಾಲು ತಾನಾಗಿಯೇ ಹಸಿರಾಗಿರುತ್ತದೆ, ಇಲ್ಲಿ ಫೆಬ್ರವರಿ ಹೊತ್ತಿಗೆ ಒಣಗುತ್ತದೆ. ಅಲ್ಲಿಯ ಮಳೆ ಹನ್ನೆರಡು ತಿಂಗಳಿಗೂ ಹಂಚಿಹೋಗಿದೆ, ಬಿಸಿಲೂ ಎಳೆಯದು. ಇಲ್ಲಿಯ ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಮಳೆಯ ಒಟ್ಟು ಲೆಕ್ಕ ನೋಡಿ ಮಲೆನಾಡಿಗೆ ನೀರಿನ ಕೊರತೆಯಿಲ್ಲ ಎನ್ನುವವರು ಋತುವಿನ ಲೆಕ್ಕವನ್ನು ಮರೆತಿರುತ್ತಾರೆ.

ಆ ಲೆಕ್ಕವನ್ನು ಶಾಲೆಯ ಮಕ್ಕಳೂ ಮಾಡಬಹುದು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿ.ಮೀ. ನೀರು ನಿಂತರೆ ಅದು ಒಂದು ಲೀಟರ್. ಬೇಸಿಗೆಯ ಬಿಸಿಲಿಗೆ ಹಸಿರು ಹುಲ್ಲುಹಾಸಿನಿಂದ ದಿನಕ್ಕೆ ಸುಮಾರು 4ರಿಂದ 5 ಮಿ.ಮೀ. ನೀರು ಆವಿಯಾಗುತ್ತದೆ. ಎರಡು ಗುಂಟೆ, ಅಂದರೆ ಸುಮಾರು 200 ಚದರ ಮೀಟರ್ ಹುಲ್ಲಿಗೆ ದಿನವೂ 800ರಿಂದ 1,000 ಲೀಟರ್ ಬೇಕು. ನಾಲ್ಕು ತಿಂಗಳು ಹೀಗೆ ಉಣಿಸಿದರೆ ಒಂದು ಲಕ್ಷ ಲೀಟರಿನ ಆಸುಪಾಸಿಗೆ ಬರುತ್ತದೆ. ನಡುವೆ ಅಡ್ಡಮಳೆ ಬಿದ್ದರೆ ಒಂದಿಷ್ಟು ಉಳಿತಾಯ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆ ಗ್ರಾಮೀಣರಿಗೆ ತಲಾ 55 ಲೀಟರ್ ನೀರಿನ ಗುರಿ ಇಟ್ಟುಕೊಂಡಿದೆ. ಎರಡು ಗುಂಟೆ ಹುಲ್ಲಿನ ಒಂದು ದಿನದ ಪಾಲು ಹದಿನಾಲ್ಕರಿಂದ ಹದಿನೆಂಟು ಮಂದಿಯ ದಿನದ ಪಾಲಿಗೆ ಸಮ.

ಈ ನೀರು ಅಬ್ಬಿಯಿಂದ, ಬಾವಿಯಿಂದ, ಇಲ್ಲವೇ ಕೊಳವೆಬಾವಿಯಿಂದ ಬರಬೇಕು. ಅಬ್ಬಿಗೆ ಮೇಲಿನ ಮನೆಯವರು ಪೈಪು ಹಾಕಿದರೆ ಕೆಳಗಿನ ಕೇರಿಯ ಕೊಡಕ್ಕೆ ಅಷ್ಟು ಕಡಿಮೆ. 2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 240 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮರು ಬೇಸಿಗೆಯಲ್ಲಿ, 2024ರ ಮಾರ್ಚ್‌ನಲ್ಲಿ, ಕೈತೋಟಕ್ಕೆ ಕುಡಿಯುವ ನೀರು ಬಳಸಿದವರಿಗೆ ಬೆಂಗಳೂರು ಜಲಮಂಡಳಿ 5,000 ರೂಪಾಯಿ ದಂಡ ವಿಧಿಸುವುದಾಗಿ ಪ್ರಕಟಿಸಿತು. ರಾಜಧಾನಿಯೇ ಕಡಿವಾಣ ಹಾಕಿದ ಪದ್ಧತಿಯನ್ನು ಹಳ್ಳಗಳ ತಲೆಯಲ್ಲಿ ಕುಳಿತ ಊರುಗಳು ಪ್ರತಿಷ್ಠೆಯೆಂದು ತಂದುಕೊಳ್ಳುತ್ತಿರುವುದು ವಿಪರ್ಯಾಸ.

ಹಾಗಾದರೆ ಹುಲ್ಲೇ ಬೇಡವೇ? ಬೇಕು. ಪೇಟೆಯ ನರ್ಸರಿಗಳಲ್ಲಿ ಬರ್ಮುಡಾ ಎಂಬ ಹೆಸರಿನಲ್ಲಿ ಮಾರಾಟವಾಗುವ ಹುಲ್ಲಿನ ಮೂಲ ಜಾತಿ ಗಣಪತಿಗೆ ಏರಿಸುವ ಗರಿಕೆಯೇ. ನೀರು ಸಿಗದಾಗ ಗರಿಕೆಯ ಎಲೆ ಒಣಗಿ ಕಂದಾಗುತ್ತದೆ. ಅದರ ನೆಲದೊಳಗಿನ ಕಾಂಡ ಮಾತ್ರ ಜೀವ ಹಿಡಿದುಕೊಂಡು ಮಲಗಿರುತ್ತದೆ. ಮೊದಲ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಮತ್ತೆ ಚಿಗುರುತ್ತದೆ. ಬೇಸಿಗೆಯ ಕಂದು ಬಣ್ಣವನ್ನು ಸಾವೆಂದು ಭಾವಿಸಿ ನೀರು ಸುರಿಯುವುದು ಅಜ್ಞಾನ. ಅದು ಹುಲ್ಲಿನ ವಿಶ್ರಾಂತಿಯ ಕಾಲ.

ಮಲೆನಾಡಿನ ಅಂಗಳದ ಆರೈಕೆ ಮಳೆನಕ್ಷತ್ರಗಳ ಜೊತೆಯಲ್ಲಿ ಸಾಗಬೇಕು. ರೋಹಿಣಿ, ಮೃಗಶಿರ ಮಳೆಗಳ ಹೊತ್ತಿಗೆ ಬಸಿಗಾಲುವೆ ಬಿಡಿಸಿ, ಹೊಸ ಗಿಡ ನೆಡುವುದು ಸೂಕ್ತ. ದಾಸವಾಳ, ನಂದಿಬಟ್ಟಲಿನ ತುಂಡುಗಳು ಆಗ ಸುಲಭವಾಗಿ ಬೇರು ಬಿಡುತ್ತವೆ. ಕಾಪಿಟ್ಟ ಡೇರೆಯ ಗೆಡ್ಡೆಗಳನ್ನು ನೆಟ್ಟು, ಗಿಡ ಎದ್ದ ಮೇಲೆ ಊರುಗೋಲು ಕೊಡಬೇಕು. ಇಳಿಜಾರಿನ ಮಣ್ಣನ್ನು ಈ ಸಮಯದಲ್ಲಿ ಸಡಿಲಿಸಕೂಡದು. ಬರಿ ನೆಲ ಕಂಡಲ್ಲಿ ಸೋಗೆ ಹೊದಿಸುವ ಹಳೆಯ ಕ್ರಮ ಇಂದಿಗೂ ಸರಿಯೇ.

ಆರಿದ್ರೆಯಿಂದ ಆಶ್ಲೇಷದವರೆಗೆ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ಗೊಬ್ಬರದ ಕೈ ಬಿಗಿಯಾಗಿರಬೇಕು. ಜಡಿಮಳೆಯಲ್ಲಿ ಎರಚಿದ ಯೂರಿಯಾದ ಬಹುಪಾಲು ಗಿಡಕ್ಕೆ ದಕ್ಕದೆ ಹಳ್ಳ ಸೇರುತ್ತದೆ. ಹುಲ್ಲನ್ನು ನುಣ್ಣಗೆ ಬೋಳಿಸದೆ, ಒಂದು ಸಲಕ್ಕೆ ಎತ್ತರದ ಮೂರನೆಯ ಒಂದು ಭಾಗವನ್ನಷ್ಟೇ ಕತ್ತರಿಸಬೇಕು. ಕತ್ತರಿಸಿದ್ದನ್ನು ತೆಳುವಾಗಿ ಅಲ್ಲಿಯೇ ಹರಡಿದರೆ ಅದೇ ಕರಗಿ ಗೊಬ್ಬರವಾಗುತ್ತದೆ. ಗಿಡದ ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಂಡರೆ ಕೊಳೆಯುವ ಭಯ ಕಡಿಮೆ.

ಉತ್ತರೆ, ಹಸ್ತ ಮಳೆಗಳಲ್ಲಿ ಹನಿ ತೆಳುವಾದಾಗ ಕೊಟ್ಟಿಗೆ ಗೊಬ್ಬರ ಕೊಡಲು ಒಳ್ಳೆಯ ಸಮಯ. ಅಂಚಿನಲ್ಲಿ ಎದ್ದ ಯುಪಟೋರಿಯಂ ಗಿಡವನ್ನು ಹೂ ಬಿಡುವ ಮೊದಲೇ, ನೆಲ ಮೆತ್ತಗಿರುವಾಗಲೇ ಬೇರುಸಹಿತ ಕೀಳಬೇಕು. ನವೆಂಬರ್ ವೇಳೆಗೆ ಡೇರೆಯ ಗೆಡ್ಡೆ ಮತ್ತೆ ನೆರಳಿನ ಮರಳಿಗೆ ಮರಳಲಿ.

ಇಡೀ ವರ್ಷದ ಆರೈಕೆಯಲ್ಲಿ ಅತ್ಯಂತ ಮುಖ್ಯವಾದದ್ದು ನವೆಂಬರ್‌ನಿಂದ ಜನವರಿಯವರೆಗಿನ ಕೆಲಸ. ಮಣ್ಣಿನ ತೇವ ಆರುವ ಮುನ್ನ ಗಿಡಗಳ ಸುತ್ತ ಮೂರು ನಾಲ್ಕು ಇಂಚು ದಪ್ಪ ದರಕು ಹೊದಿಸಬೇಕು. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಬೇಕು. ಆದರೆ ನಡೆಯುತ್ತಿರುವುದೇನು? ಅಡಿಕೆ ಮರದ ಬುಡಕ್ಕೆ ಬೆಟ್ಟದಿಂದ ಸೊಪ್ಪು ಹೊತ್ತು ತರುವ ಮನೆಯವರೇ ಅಂಗಳದಲ್ಲಿ ಉದುರಿದ ಎಲೆಯನ್ನು ಗುಡಿಸಿ ಬೆಂಕಿ ಇಡುತ್ತಾರೆ. ಎಲೆಯಲ್ಲಿದ್ದ ಸಾರಜನಕದ ಬಹುಪಾಲು ಹೊಗೆಯ ಜೊತೆ ಹೋಗುತ್ತದೆ. ಹಾರಿದ ಕಿಡಿ ಬೇಣಕ್ಕೆ ಬಿದ್ದರೆ ಕಾಡೇ ಉರಿಯುತ್ತದೆ.

ಹೀಗೆ ಹೊದಿಕೆ ಪಡೆದ ಅಂಗಳಕ್ಕೆ ಫೆಬ್ರವರಿಯಿಂದ ಮೇವರೆಗೆ ಬೇಕಾಗುವ ನೀರು ಅತ್ಯಲ್ಪ. ಕುಂಡದ ಗಿಡಗಳು ಮತ್ತು ಆ ವರ್ಷ ನೆಟ್ಟ ಸಸಿಗಳಿಗೆ ಬಚ್ಚಲ ನೀರೇ ಸಾಕು. ಬೇರೂರಿದ ಕೇಪಳ, ಸಂಪಿಗೆ, ಸುರಗಿ, ರಂಜಲು ಈ ನೆಲದ ಬೇಸಿಗೆಯನ್ನು ಬಲ್ಲ ಗಿಡಮರಗಳು.

ಅಂಗಳದ ಆಯ್ಕೆ ಬೇಲಿಯೊಳಗೇ ಉಳಿಯುವುದಿಲ್ಲ ಎಂಬುದಕ್ಕೆ ಇತಿಹಾಸವೇ ಸಾಕ್ಷಿ. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳ ನೆಲವನ್ನು ಆವರಿಸಿರುವ ಲಂಟಾನ 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಉದ್ಯಾನಕ್ಕೆಂದು ತಂದ ಹೂಗಿಡ. ಕೆರೆಗಳನ್ನು ಮುಚ್ಚುವ ಅಂತರಗಂಗೆ ಕೂಡ ಹೂವಿನ ಚೆಲುವಿಗೆ ಮರುಳಾಗಿ ತಂದದ್ದೇ. ಈಗ ಹುಲ್ಲುಹಾಸಿನ ಅಂಚಿಗೆ, ಧರೆಯ ಮೇಲೆ ನೆಡುತ್ತಿರುವ ಹಳದಿ ಹೂವಿನ ವೆಡೇಲಿಯಾ ಬಳ್ಳಿಯೂ ಜಗತ್ತಿನ ನೂರು ಕುಖ್ಯಾತ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಗೆಣ್ಣು ತಾಗಿದಲ್ಲೆಲ್ಲ ಬೇರಿಳಿಸುವ ಈ ಬಳ್ಳಿಯ ಕಿತ್ತ ತುಂಡನ್ನು ಹಳ್ಳಕ್ಕೆ ಎಸೆದರೆ ಹಳ್ಳದ ದಂಡೆಯೆಲ್ಲ ಅದರದೇ. ಅದೇ ಧರೆಯ ತೇವದ ಜಾಗದಲ್ಲಿ ಒಂದೆಲಗ ಬೆಳೆಸಿದರೆ ನೆಲವೂ ಮುಚ್ಚುತ್ತದೆ, ತಂಬುಳಿಗೂ ಆಗುತ್ತದೆ.

ಹೋಂಸ್ಟೇ ನಡೆಸುವ ಯುವಕರ ವಾದವನ್ನು ತಳ್ಳಿಹಾಕುವಂತಿಲ್ಲ. ಅಡಿಕೆಯ ಬೆಲೆ ಏರಿಳಿಯುವಾಗ ಊರಿನಲ್ಲಿ ನೆಲೆ ನಿಲ್ಲಲು ಅದೊಂದು ದಾರಿ. ಅತಿಥಿಗಳು ಹಸಿರನ್ನು ಬಯಸುತ್ತಾರೆ ಎಂಬುದೂ ನಿಜ. ಆದರೆ ಪೇಟೆಯಿಂದ ಬರುವವರು ಪೇಟೆಯ ಪಾರ್ಕನ್ನು ನೋಡಲು ಘಟ್ಟ ಹತ್ತುವುದಿಲ್ಲ. ಸುರಗಿಯ ನೆರಳು, ಒಣಗುತ್ತಿರುವ ಅಡಿಕೆಯ ಅಂಗಳ, ಮಳೆಗಾಲದ ಡೇರೆಯ ಸಾಲು ಅವರ ಊರಿನಲ್ಲಿ ಸಿಗುವಂಥವಲ್ಲ. ಅಬ್ಬಿ ಬತ್ತಿದ ಊರಿಗೆ ಅತಿಥಿಯೂ ಬರಲಾರ ಎಂಬುದನ್ನು ಉದ್ಯಮದವರು ಎಲ್ಲರಿಗಿಂತ ಮೊದಲು ಅರಿಯಬೇಕು.

ಇದಕ್ಕೆ ದೊಡ್ಡ ಕಾನೂನಿಗಾಗಿ ಕಾಯಬೇಕಿಲ್ಲ. ಜನವರಿಯಿಂದ ಮೊದಲ ಮಳೆಯವರೆಗೆ ಅಬ್ಬಿಯ ನೀರನ್ನಾಗಲೀ ನಲ್ಲಿಯ ಕುಡಿಯುವ ನೀರನ್ನಾಗಲೀ ಹುಲ್ಲುಹಾಸಿಗೆ ಬಿಡುವುದಿಲ್ಲವೆಂದು ಪ್ರತಿ ಗ್ರಾಮಸಭೆಯೂ ನಿರ್ಣಯಿಸಿಕೊಳ್ಳಬಹುದು. ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಒಂದು ಬಕೆಟ್ ಮತ್ತು ಗಡಿಯಾರ ಹಿಡಿದು ವಾರಕ್ಕೊಮ್ಮೆ ತಮ್ಮೂರಿನ ಅಬ್ಬಿಯ ಬಳಿ ಹೋಗಲಿ. ಹತ್ತು ಲೀಟರ್ ತುಂಬಲು ಎಷ್ಟು ಸೆಕೆಂಡು ಹಿಡಿಯಿತು ಎಂಬುದನ್ನು ಶಾಲೆಯ ಗೋಡೆಯ ಮೇಲೆ ಬರೆಯುತ್ತ ಬರಲಿ. ಆ ಅಂಕಿಗಳು ಏರುತ್ತ ಹೋಗುವುದನ್ನು ಇಡೀ ಊರು ದಿನವೂ ಓದಿದ ಮೇಲೆ, ಯಾವ ಅಂಗಳದ ಮುಂದೆ ನೀರಿನ ಪೈಪು ಓಡುತ್ತಿದೆ ಎಂಬ ಚರ್ಚೆಯನ್ನು ಗ್ರಾಮಸಭೆಯಲ್ಲಿ ಯಾರೂ ತಡೆಯಲಾಗದು.