ಬಂಡೆ ಮುಂದೆ ನಿಲ್ಲಿಸಿದ ನರಿ

ಎರಡು ಹೆಮ್ಲಾಕ್ ಮರ. ನಡುವೆ ಒಂದೂವರೆ ಅಡಿ ಸಂದು. ಸಂದಿನ ಆಚೆ ಫೋಮಿನಲ್ಲಿ ಮಾಡಿದ ನರಿ. ನರಿಯ ಬೆನ್ನಿಗೇ ಎಮ್ಮೆ ಗಾತ್ರದ ಬಂಡೆ. ಗೂಟದಿಂದ ನರಿಗೆ 22 ಗಜ.

ಪೆನ್ಸಿಲ್ವೇನಿಯಾದ ಒಂದು ಕಾಡಿನಲ್ಲಿ, ಒಂದು ಭಾನುವಾರ ಬೆಳಗ್ಗೆ, ನಮ್ಮ ಟೀಮಿಗೆ ಹೊಸದಾಗಿ ಸೇರಿದ್ದ ಧಾರವಾಡದ ಹುಡುಗಿಯೊಬ್ಬಳು ಆ ಗೂಟದ ಹತ್ತಿರ ನಿಂತಿದ್ದಳು. ಕೈಯಲ್ಲಿ ಬಾಡಿಗೆಗೆ ತಂದ 30 ಪೌಂಡಿನ ರಿಕರ್ವ್ ಬಿಲ್ಲು, ಸೊಂಟದ ಬತ್ತಳಿಕೆಯಲ್ಲಿ ಹೊಸದಾಗಿ ಕೊಂಡ ಆರು ಮರದ ಬಾಣ. ಮೊದಲನೇದು ಮರಕ್ಕೆ ಬಡಿದು ಎರಡಾಯ್ತು. ಎರಡನೇದು ನರಿಯ ಕಿವಿ ಸವರಿ ಬಂಡೆಗೆ ಹೊಡೆದು ಚೂರಾಯ್ತು. ಮೂರನೇದಕ್ಕೂ ಅದೇ ಗತಿ. ಹಿಂದೆ ನಿಂತಿದ್ದ ನಾಲ್ಕು ಜನ ನಕ್ಕರು. ಕೆಟ್ಟ ನಗು ಅಲ್ಲ, ಈ ಆಟದಲ್ಲಿ ಮಾಮೂಲಿ ನಗು. ಅವಳೂ ನಕ್ಕಳು. ಮುಂದಿನ ಗುರಿಗೆ ನಡೆಯುವಾಗ ಬಾಣ ತೆಗೆಯಲಿಲ್ಲ, ಮಧ್ಯಾಹ್ನದ ತನಕ ಸುಮ್ಮನೆ ನಮ್ಮ ಜೊತೆ ಓಡಾಡಿದಳು. ಕಾರಿನಲ್ಲಿ ವಾಪಸ್ ಬರುವಾಗ ಹೇಳಿದಳು: "ಆಟ ಭಾಳ ಛಲೋ ಅದರೀ. ಆದ್ರ ನನ್ನಂಥಾಕಿಗಲ್ಲ ಬಿಡ್ರಿ."

ಆ ನಾಲ್ಕು ಜನರಲ್ಲಿ ನಾನೂ ಒಬ್ಬ. ಇನ್ನೂ ಒಂದು ವಿಷಯ ಇದೆ: ಆ ನರಿಯನ್ನು ಆ ಬಂಡೆ ಮುಂದೆ ಹೊತ್ತುಕೊಂಡು ಹೋಗಿ ನಿಲ್ಲಿಸಿದವನೇ ನಾನು. ಹಿಂದಿನ ದಿನ ಸಂಜೆ ಕೋರ್ಸ್ ಹಾಕುವ ಗುಂಪಿನಲ್ಲಿದ್ದೆ. ನಿಲ್ಲಿಸಿ, ಗೂಟದವರೆಗೆ ಬಂದು, ಕಣ್ಣು ಕಿರಿದು ಮಾಡಿ ನೋಡಿ, "ನಾಳೆ ಇಲ್ಲಿ ಎಷ್ಟು ಜನ ಅಳ್ತಾರೋ" ಅಂತ ಖುಷಿಪಟ್ಟಿದ್ದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕ, ಯುರೋಪಿನ ಕಾಡುಗಳಲ್ಲಿ ವಾರಾಂತ್ಯಕ್ಕೆ ಇಂಥ ಶೂಟ್‌ಗಳು ನಡೆಯುತ್ತವೆ. ಜಿಂಕೆ, ಕರಡಿ, ಕಾಡುಕೋಳಿ ಆಕಾರದ ಫೋಮ್ ಗೊಂಬೆಗಳನ್ನು ಕಾಡಿನ ಹಾದಿಯುದ್ದಕ್ಕೂ ನಿಲ್ಲಿಸಿರ್ತಾರೆ. ದೂರ ಎಷ್ಟು ಅಂತ ಬರೆದಿರಲ್ಲ, ಅಂದಾಜಿನ ಮೇಲೆ ಹೊಡೀಬೇಕು. ಸಾಂಪ್ರದಾಯಿಕ ಶೂಟ್ ಅಂದರೆ ಉದ್ದಬಿಲ್ಲು, ರಿಕರ್ವ್ ಮಾತ್ರ. ಗುರಿ ನೋಡುವ ಯಂತ್ರ ಇಲ್ಲ, ಭಾರ ಇಳಿಸುವ ರಾಟೆ ಇಲ್ಲ. ಬೆರಳು, ಕಣ್ಣು, ಅಭ್ಯಾಸ ಅಷ್ಟೆ. ಊರಲ್ಲಿ ಕ್ಯಾಟರ್‌ಬಿಲ್ಲಿನಲ್ಲಿ ಮಾವಿನಕಾಯಿ ಉದುರಿಸಿ ಬೆಳೆದ ನನ್ನಂಥವನಿಗೆ, ವಾರವಿಡೀ ಸ್ಕ್ರೀನ್ ನೋಡಿದ ಮೇಲೆ ಇದಕ್ಕಿಂತ ಸುಖ ಬೇರೆ ಇಲ್ಲ. ಎಂಟು ವರ್ಷದಿಂದ ಆಡ್ತಾ ಇದ್ದೀನಿ. ಆದ್ದರಿಂದಲೇ ಈ ಜಗಳ.

ನನ್ನ ವಾದ ಇಷ್ಟು: ಕಷ್ಟದ ಗುರಿ ಬೇರೆ, ಹೆದರಿಸುವ ಗುರಿ ಬೇರೆ. ನಾವು ಎರಡನೇದನ್ನು ಮಾಡಿ ಮೊದಲನೇದು ಅಂತ ಎದೆ ತಟ್ಟಿಕೊಳ್ತಿದ್ದೀವಿ. ಕಷ್ಟದ ಗುರಿ ನಿನಗೆ ಏನು ಬರುತ್ತೆ ಅಂತ ಕೇಳುತ್ತೆ. ಹೆದರಿಸುವ ಗುರಿ ನಿನ್ನ ಜೇಬಿನಲ್ಲಿ ಎಷ್ಟಿದೆ ಅಂತ ಕೇಳುತ್ತೆ. ನನ್ನ ಒಂದು ಸೀಡರ್ ಬಾಣಕ್ಕೆ ಹತ್ತು ಡಾಲರ್ ಬೀಳುತ್ತೆ. ಬಂಡೆ ಮುಂದಿನ ನರಿ ನನಗೆ ಒಂದು ಊಟದ ಖರ್ಚು. ಹೊಸಬರಿಗೆ ಅದು ಅರ್ಧ ಬತ್ತಳಿಕೆ.

ಇದನ್ನು ಹೇಳಿದ ಕೂಡಲೇ ಬರುವ ಮೊದಲ ಉತ್ತರ ನನಗೆ ಬಾಯಿಪಾಠ ಇದೆ: "ಕಾಡಿನಲ್ಲಿ ಪ್ರಾಣಿ ನಿನಗೋಸ್ಕರ ಬಯಲಿಗೆ ಬಂದು ನಿಲ್ಲುತ್ತಾ? ಇದು ಬೇಟೆಯ ಅಭ್ಯಾಸ ಕಣಯ್ಯ." ಸರಿ, ಬೇಟೆಯ ಮಾತೇ ಆಡೋಣ. ನನಗೆ ಗೊತ್ತಿರುವ ಒಳ್ಳೆಯ ಬೇಟೆಗಾರರು ಉದ್ದಬಿಲ್ಲು ಹಿಡಿದರೆ ಇಪ್ಪತ್ತು ಗಜದ ಆಚೆ ಬಾಣ ಬಿಡಲು ಹಿಂದೆಮುಂದೆ ನೋಡ್ತಾರೆ. ನಡುವೆ ಕೊಂಬೆ ಇದ್ದರೆ ಬಿಡೋದೇ ಇಲ್ಲ. ಯಾಕೆ? ಪ್ರಾಣಿ ಅರೆಗಾಯವಾಗಿ ಓಡಿಹೋಗಿ ನರಳಬಾರದು ಅಂತ. ಬಿಲ್ಲು ಇಳಿಸಿ ಸುಮ್ಮನೆ ಕೂರೋದು ಅವರ ವಿದ್ಯೆಯ ಮುಕ್ಕಾಲು ಪಾಲು. ನಮ್ಮ ಶೂಟಿನಲ್ಲಿ ಬಿಲ್ಲು ಇಳಿಸಿದರೆ ಸೊನ್ನೆ. 40 ಗಜದಲ್ಲಿ, ಪೊದೆಯ ಹಿಂದೆ, ಬಾಲ ಮಾತ್ರ ಕಾಣುವ ಜಿಂಕೆಗೆ "ಹೊಡಿ, ಹೊಡೀದೆ ಇದ್ದರೆ ಸೊನ್ನೆ" ಅಂತ ಕಲಿಸೋದು ಬೇಟೆಯ ಅಭ್ಯಾಸ ಹೇಗಾಗುತ್ತೆ? ಅದು ಕೆಟ್ಟ ಬೇಟೆಗಾರನ ಅಭ್ಯಾಸ.

ಎರಡನೇ ಉತ್ತರ: "ದೂರ ಜಾಸ್ತಿ ಇದ್ದಷ್ಟೂ ಮಜಾ." ಇದು ಸೋಮಾರಿಗಳ ಮಾತು. ಗೂಟವನ್ನು ಹತ್ತು ಹೆಜ್ಜೆ ಹಿಂದಕ್ಕೆ ಹಾಕೋದಕ್ಕೆ ತಲೆ ಬೇಡ, ಕಾಲು ಸಾಕು. ವರ್ಲ್ಡ್ ಆರ್ಚರಿಯ ನಿಯಮದಲ್ಲೇ ಕಾಂಪೌಂಡ್ ಬಿಲ್ಲಿನವರಿಗೆ ಕೆಂಪು ಗೂಟ, ಗರಿಷ್ಠ 45 ಮೀಟರ್. ಉದ್ದಬಿಲ್ಲಿನವರಿಗೆ ನೀಲಿ ಗೂಟ, ಗರಿಷ್ಠ 30 ಮೀಟರ್. ವಿಶ್ವ ಚಾಂಪಿಯನ್ನರಿಗೆ ಹಾಕಿದ ಮಿತಿ ಅದು. ನಮ್ಮ ವಾರಾಂತ್ಯದ ವೀರರಿಗೆ ಮಾತ್ರ ಅದು ಸಾಲೋದಿಲ್ಲ!

ಬಿಇ ಓದಿದ್ದಕ್ಕೆ ಒಂದು ಸಣ್ಣ ಲೆಕ್ಕ ಹಾಕ್ತೀನಿ, ಬೇಜಾರು ಮಾಡ್ಕೋಬೇಡಿ. ನನ್ನ ಬಾಣ ಸೆಕೆಂಡಿಗೆ ಸುಮಾರು 175 ಅಡಿ ಹೋಗುತ್ತೆ. 30 ಗಜ ಅಂದರೆ 90 ಅಡಿ, ತಲುಪೋಕೆ ಅರ್ಧ ಸೆಕೆಂಡು. ಅಷ್ಟರಲ್ಲಿ ಭೂಮಿ ಅದನ್ನು ನಾಲ್ಕು ಅಡಿಗಿಂತ ಹೆಚ್ಚು ಕೆಳಕ್ಕೆ ಎಳೆಯುತ್ತೆ. ಹಾಗಾಗಿ ಬಾಣವನ್ನು ಎತ್ತಿ ಬಿಡಬೇಕು. ಅರ್ಧ ದಾರಿಯಲ್ಲಿ ಅದು ನೇರ ಗೆರೆಗಿಂತ ಒಂದು ಅಡಿ ಮೇಲಿರುತ್ತೆ. ಸೆಕೆಂಡಿಗೆ 290 ಅಡಿ ಹೋಗುವ ಕಾಂಪೌಂಡ್ ಬಾಣ ಅದೇ ಜಾಗದಲ್ಲಿ ಐದು ಇಂಚೂ ಮೇಲಿರೋದಿಲ್ಲ. ಅಂದರೆ ನಡುದಾರಿಯಲ್ಲಿ, ಕಣ್ಣಿನ ಗೆರೆಗಿಂತ ಒಂದಡಿ ಮೇಲೆ ಒಂದು ಕೊಂಬೆ ಇದ್ದರೆ ಕಾಂಪೌಂಡಿನವನಿಗೆ ಅದು ಇಲ್ಲದ ಹಾಗೆ. ಉದ್ದಬಿಲ್ಲಿನವನಿಗೆ ಅದು ಗೋಡೆ. ಗೂಟದ ಹತ್ತಿರ ನಿಂತು "ಗುರಿ ಕಾಣ್ತಿದೆಯಲ್ಲ, ಮತ್ತೇನು?" ಅಂತ ಕೇಳುವವರಿಗೆ ಈ ಒಂದಡಿ ಗೊತ್ತಿರೋದಿಲ್ಲ. ಬಗ್ಗಿದ ಕೊಂಬೆಯ ಕೆಳಗೆ ಮಂಡಿಯೂರಿ ಹೊಡೀಬೇಕಾದ ಗುರಿಯೂ ಹಾಗೇ. 68 ಇಂಚಿನ ಉದ್ದಬಿಲ್ಲಿನ ಕೆಳತುದಿ ನೆಲಕ್ಕೆ ತಾಗುತ್ತೆ, ಮೇಲ್ತುದಿ ಕೊಂಬೆಗೆ ಸಿಕ್ಕಿಕೊಳ್ಳುತ್ತೆ. ಅಲ್ಲಿ ಕೌಶಲ್ಯದ ಪರೀಕ್ಷೆ ಆಗ್ತಿಲ್ಲ, ಬಿಲ್ಲಿನ ಉದ್ದ ಅಳೆಯೋದು ಆಗ್ತಿದೆ.

ಹಾಗಂದ ಮಾತ್ರಕ್ಕೆ ಎಲ್ಲ ಗುರಿಯನ್ನೂ ಇಪ್ಪತ್ತು ಗಜಕ್ಕೆ, ಬಯಲಿನಲ್ಲಿ, ಸಾಲಾಗಿ ನಿಲ್ಲಿಸಿ ಅಂತ ನಾನು ಕೇಳ್ತಿಲ್ಲ. ಹಾಗೆ ಕೇಳುವವರೂ ಇದ್ದಾರೆ, ಅವರ ಜೊತೆಗೂ ನನ್ನ ಜಗಳ ಇದೆ. ಸ್ಕೋರ್ ಕಾರ್ಡ್ ತುಂಬಬೇಕು ಅಂದರೆ ಮನೆ ಹಿತ್ತಲಲ್ಲಿ ಹೊಡೆದುಕೊಳ್ಳಲಿ, ಕಾಡಿಗೆ ಯಾಕೆ ಬರಬೇಕು? ಗುರಿ ನೋಡಿದ ಕೂಡಲೇ ಎದೆ ಢವ ಢವ ಅನ್ನಬೇಕು. ಅದಿಲ್ಲದಿದ್ದರೆ ಈ ಆಟ ಸತ್ತ ಹಾಗೆ. ಹನ್ನೆರಡು ಗಜದಲ್ಲಿ ಒಂದು ಮೊಲ, ಆದರೆ ಕಡಿದಾದ ಇಳಿಜಾರಿನ ಕೆಳಗೆ. ಕಾಲು ಸರಿಯಾಗಿ ಊರೋಕಾಗಲ್ಲ. ತೊರೆಯ ಆಚೆ ದಡದಲ್ಲಿ ನೆರಳಲ್ಲಿ ನಿಂತ ಕರಡಿ, ದೂರದ ಅಂದಾಜೇ ಕೆಡುತ್ತೆ. 30 ಡಿಗ್ರಿ ಇಳಿಜಾರಿನಲ್ಲಿ ನೇರ ಅಳತೆ 30 ಗಜ ಇದ್ದರೂ 26 ಗಜ ಅಂತ ಎಣಿಸಿ ಹೊಡೀಬೇಕು, ಇಲ್ಲದಿದ್ದರೆ ಬಾಣ ಮೇಲೆ ಹೋಗುತ್ತೆ. ಇವೆಲ್ಲ ನಿಜವಾದ ಕಷ್ಟ. ಅಲ್ಲಿ ತಪ್ಪಿದರೆ ಬಾಣ ಮಣ್ಣಿಗೆ ಕಚ್ಚಿಕೊಳ್ಳುತ್ತೆ, ಹೋಗಿ ಕಿತ್ತುಕೊಂಡು ಬಂದು "ಓಹೋ, ಹೀಗಾ" ಅಂದುಕೊಳ್ತೀವಿ. ಕಲಿಯೋದು ಅಂದರೆ ಅಷ್ಟೇ ಅಲ್ಲವಾ?

ನೂರಾರು ವರ್ಷದಿಂದ ಇದನ್ನು ಮಾಡಿಕೊಂಡು ಬಂದವರನ್ನು ನೋಡಿ. ಸ್ಕಾಟ್ಲೆಂಡಿನ ಕಿಲ್‌ವಿನಿಂಗ್‌ನಲ್ಲಿ ಹಳೇ ಮಠದ ಗೋಪುರದ ಮೇಲಿಂದ ಕಂಬ ಚಾಚಿ ತುದಿಗೆ ಮರದ ಹಕ್ಕಿ ಕಟ್ಟುತ್ತಾರೆ. ಕೆಳಗೆ ನಿಂತು, ಕತ್ತು ಹಿಂದಕ್ಕೆ ಬಾಗಿಸಿ, ನೆಟ್ಟಗೆ ಆಕಾಶಕ್ಕೆ ಹೊಡೀಬೇಕು. ನೋಡಿದರೇ ಭಯ. ಆದರೆ ಬಾಣಕ್ಕೆ ಮೊಂಡು ತುದಿ. ತಪ್ಪಿದರೆ ಕೆಳಗೆ ಬೀಳುತ್ತೆ, ಅಷ್ಟೆ. ಭೂತಾನಿನಲ್ಲಿ ಗುರಿ ಸುಮಾರು 140 ಮೀಟರ್ ದೂರ, ಒಲಿಂಪಿಕ್ಸಿನ 70 ಮೀಟರಿನ ಎರಡು ಪಟ್ಟು. ಗುರಿಯ ಹಲಗೆ ಒಂದಡಿ ಅಗಲ. ಎದುರು ಪಾಳಯದವರು ಪಕ್ಕದಲ್ಲೇ ನಿಂತು ಗೇಲಿ ಮಾಡ್ತಾರೆ. ಆದರೂ ತಪ್ಪಿದ ಬಾಣ ಮಣ್ಣಿಗೆ ಹೋಗುತ್ತೆ, ತಗುಲಿದರೆ ತಂಡವೆಲ್ಲ ಹಾಡಿ ಕುಣಿಯುತ್ತೆ. ಕ್ಯೋಟೋದ ಸಂಜುಸಾಂಗೆಂಡೋ ದೇಗುಲದ ಜಗಲಿ ಸುಮಾರು 120 ಮೀಟರ್ ಉದ್ದ, ಮೇಲೆ ತಗ್ಗಿನ ಸೂರು. ಬಾಣ ಎತ್ತಿ ಬಿಡೋಕೆ ಜಾಗವೇ ಇಲ್ಲ. 1686ರಲ್ಲಿ ವಾಸಾ ದೈಹಚಿರೋ ಎಂಬುವನು ಅಲ್ಲಿ ಒಂದು ದಿನ-ರಾತ್ರಿಯಲ್ಲಿ 13,053 ಬಾಣ ಬಿಟ್ಟ, ಅದರಲ್ಲಿ 8,133 ದಾಟಿದವು ಅಂತ ದಾಖಲೆ. ಎಲ್ಲರೂ ಆ 8,133 ನೋಡ್ತಾರೆ. ನನಗೆ ಕಾಣೋದು ಉಳಿದ 4,920. ದಾಖಲೆ ಮಾಡಿದವನಿಗೇ ಅಷ್ಟು ಸಲ ತಪ್ಪಲು ಅವಕಾಶ ಇತ್ತು. ನಾವು ಮೊದಲ ಸಲ ಬಂದವಳಿಗೆ ಮೂರು ಸಲ ಕೊಡಲಿಲ್ಲ.

ಇನ್ನು ನಮ್ಮ ಮಹಾಭಾರತ. ದ್ರೋಣ ಮರದ ಮೇಲೆ ಇಡಿಸಿದ್ದು ನಿಜವಾದ ಹಕ್ಕಿ ಅಲ್ಲ, ಕುಶಲಕರ್ಮಿಗಳಿಂದ ಮಾಡಿಸಿದ ಕೃತಕ ಹಕ್ಕಿ. ನಮ್ಮ ಫೋಮ್ ನರಿಯ ಮುತ್ತಜ್ಜ ಅನ್ನಿ. ಆ ಕಥೆಯನ್ನು ಏಕಾಗ್ರತೆಯ ಪಾಠ ಅಂತ ಶಾಲೆಯಲ್ಲಿ ಓದಿದ್ದೀವಿ, ಈಗ ಕಾರ್ಪೊರೇಟ್ ಟ್ರೈನಿಂಗಿನಲ್ಲೂ ಹೇಳ್ತಾರೆ. ಇನ್ನೊಂದು ಸಲ ಓದಿ ನೋಡಿ: ಧರ್ಮರಾಯನನ್ನು ಕರೆದು, ಪ್ರಶ್ನೆ ಕೇಳಿ, ಬಾಣ ಬಿಡೋಕೂ ಮುಂಚೆ ಪಕ್ಕಕ್ಕೆ ಸರಿಸಿದ. ಉಳಿದವರಿಗೂ ಅದೇ. ಕೊನೆಗೆ ಹೊಡೆದವನು ಅರ್ಜುನ ಒಬ್ಬನೇ. ಉಳಿದವರು ಬೈಸಿಕೊಂಡು ಹೋದರು, ಕಲಿತದ್ದೇನು? ದ್ರುಪದನದ್ದು ಇನ್ನೂ ಚೆಂದ. ಮಗಳನ್ನು ಅರ್ಜುನನಿಗೇ ಕೊಡಬೇಕು ಅಂತ ಮನಸ್ಸಿನಲ್ಲಿಟ್ಟುಕೊಂಡು, ಬೇರೆಯವರು ಬಗ್ಗಿಸಲಾಗದ ಬಿಲ್ಲು ಮಾಡಿಸಿ, ಆಕಾಶದಲ್ಲಿ ಯಂತ್ರ ತೂಗುಹಾಕಿ, ಲೋಕಕ್ಕೆಲ್ಲ ಆಹ್ವಾನ ಕಳಿಸಿದ. ಒಳಗಿನ ಕ್ಯಾಂಡಿಡೇಟ್ ಆಗಲೇ ಫಿಕ್ಸ್ ಆಗಿರುವಾಗ ಹೊರಗೆ ಜಾಬ್ ಪೋಸ್ಟಿಂಗ್ ಹಾಕ್ತಾರಲ್ಲ, ಅದೇ ಇದು. ನಮ್ಮ ಕೋರ್ಸ್ ಹಾಕುವ ಗುಂಪೂ ಹೀಗೇ. ನಾವು ಹತ್ತು ಜನ ಹಳಬರು, ನಮಗೆ ಬರುವ ಗುರಿಯನ್ನು, ನಮಗೆ ಗೊತ್ತಿರುವ ದೂರಕ್ಕೆ ನಿಲ್ಲಿಸಿ, ಊರಿಗೆಲ್ಲ "ಬನ್ನಿ, ಎಲ್ಲರಿಗೂ ಸ್ವಾಗತ" ಅಂತ ಪೋಸ್ಟರ್ ಅಂಟಿಸ್ತೀವಿ. ಬಂದವರ ಬಾಣ ಮುರಿದಾಗ ನಗ್ತೀವಿ. ಆಮೇಲೆ ಬಿಯರ್ ಹಿಡಿದು "ಈಗಿನ ಹುಡುಗರು ಈ ಆಟಕ್ಕೆ ಬರೋದೇ ಇಲ್ಲ ಕಣಯ್ಯ" ಅಂತ ಗೋಳಾಡ್ತೀವಿ.

ನಮ್ಮೂರಲ್ಲಿ ಇದಕ್ಕೊಂದು ಪರಿಹಾರ ಇತ್ತು, ಯಾರೂ ಅದನ್ನು ನಿಯಮ ಅಂತ ಬರೆದಿಟ್ಟಿರಲಿಲ್ಲ. ಗೋಲಿ ಇರಲಿ, ಕ್ಯಾಟರ್‌ಬಿಲ್ಲು ಇರಲಿ, ಚಿಕ್ಕವರಿಗೆ ಗೆರೆ ಮುಂದೆ. ತೀರಾ ಚಿಕ್ಕವನಾದರೆ "ಆಟಕ್ಕುಂಟು ಲೆಕ್ಕಕ್ಕಿಲ್ಲ". ಅವನು ಸೋತರೂ ಸೋತ ಹಾಗಲ್ಲ, ಆದರೆ ಆಟದಿಂದ ಆಚೆಯಂತೂ ಅಲ್ಲ. ದೊಡ್ಡವರ ಗೆರೆಯನ್ನು ಯಾರೂ ಸುಲಭ ಮಾಡ್ತಿರಲಿಲ್ಲ. ಎರಡು ಗೆರೆ ಎಳೀತಿದ್ದರು ಅಷ್ಟೆ. ನಾನು ಹಾಗೇ ಕಲಿತವನು. ಅದನ್ನೇ ಮರೆತು ಬಂಡೆ ಮುಂದೆ ನರಿ ನಿಲ್ಲಿಸಿದೆನಲ್ಲ, ನಾಚಿಕೆ ಆಗೋದು ಅದಕ್ಕೆ.

ಹಾಗಾಗಿ ನನ್ನ ಬೇಡಿಕೆಗಳು ಇವು. ಪ್ರತಿ ಗುರಿಗೂ ಎರಡು ಗೂಟ, ಹೊಸಬರದ್ದು ಹತ್ತಿರ, ಸಂದಿನ ಕಾಟ ಇಲ್ಲದ ಕೋನದಲ್ಲಿ. ಗುರಿಯ ಹಿಂದೆ ಮಣ್ಣಿನ ದಿಬ್ಬವೋ ಹುಲ್ಲಿನ ಪೆಂಡಿಯೋ ಇರಬೇಕು, ಬಂಡೆ ಇರಕೂಡದು. ಎದೆಯ ಜಾಗದಲ್ಲಿ ಮಾತ್ರ ತೂತು ಕೊರೆದ ಕಬ್ಬಿಣದ ಜಿಂಕೆ ಇರುತ್ತಲ್ಲ, ತಪ್ಪಿದರೆ ಬಾಣ ಪುಡಿ, ಅದನ್ನು ಕೋರ್ಸಿನಿಂದ ತೆಗೆದು ಊಟದ ಟೆಂಟಿನ ಪಕ್ಕ ನಿಲ್ಲಿಸಿ. ಪಂದ್ಯ ಕಟ್ಟಿ ಆಡುವವರು ಆಡಲಿ, ನಾನೂ ಬರ್ತೀನಿ. ಕೊನೆಯದು, ಮುಖ್ಯವಾದದ್ದು: ಗುರಿ ನಿಲ್ಲಿಸಿದವನು ಅದೇ ಸಂಜೆ, ಬಾಡಿಗೆಯ 30 ಪೌಂಡಿನ ಬಿಲ್ಲಿನಲ್ಲಿ, ಸ್ವಂತ ದುಡ್ಡಿನ ಬಾಣದಿಂದ, ಅದಕ್ಕೆ ಹತ್ತು ಸಲ ಹೊಡೀಬೇಕು. ನಾವು ಬರೆದ ಕೋಡನ್ನು ಟೆಸ್ಟ್ ಮಾಡದೆ ಬಿಟ್ಟರೆ ಆಫೀಸಿನಲ್ಲಿ ಯಾರಾದರೂ ಸುಮ್ಮನಿರ್ತಾರಾ?

ಈ ಕೊನೆಯದನ್ನು ನಾನು ಮೊನ್ನೆ ಮಾಡಿ ನೋಡಿದೆ. ಅದೇ ಹೆಮ್ಲಾಕ್ ಸಂದು, ಅದೇ 22 ಗಜ, ಅದೇ ತೂಕದ ಬಾಡಿಗೆ ಬಿಲ್ಲು. ಎಂಟು ವರ್ಷದ ಅನುಭವ ಇರುವ ನಾನು ಹತ್ತರಲ್ಲಿ ನರಿಗೆ ತಗುಲಿಸಿದ್ದು ನಾಲ್ಕು. ಐದು ಬಾಣ ಮುರಿದವು, ಅಂದರೆ ಐವತ್ತು ಡಾಲರ್. ಅಲ್ಲೇ ಕೂತು ಚೂರುಗಳನ್ನು ಆರಿಸಿ, ಆಮೇಲೆ ನರಿಯನ್ನು ಎತ್ತಿಕೊಂಡು ಬಂಡೆಯಿಂದ ಹನ್ನೆರಡು ಅಡಿ ಎಡಕ್ಕೆ, ಮಣ್ಣಿನ ದಿಬ್ಬದ ಮುಂದೆ ಇಟ್ಟೆ. ಸಂದು ಹಾಗೇ ಇದೆ, ಗೂಟ ಮಾತ್ರ ಸ್ವಲ್ಪ ಪಕ್ಕಕ್ಕೆ ಬಂತು. ಗುರಿ ಈಗಲೂ ಹೆದರಿಕೆ ಹುಟ್ಟಿಸುತ್ತೆ.

ಧಾರವಾಡದ ಹುಡುಗಿಗೆ ಆ ಫೋಟೋ ಕಳಿಸಿದ್ದೀನಿ, ಮೂರು ಹೊಸ ಬಾಣ ನನ್ನ ಲೆಕ್ಕದಲ್ಲಿ ಅಂತ ಬರೆದು. "ನೋಡೂಣ್ರಿ" ಅಂದಿದ್ದಾಳೆ. ಬರ್ತಾಳೋ ಇಲ್ಲವೋ ಗೊತ್ತಿಲ್ಲ.